ಕೊಳಲಿನವರಿಗೊಂದು ಕ್ರಿಸ್‌ಮಸ್ ಆಲ್ಬಮ್

ಡಿಸೆಂಬರ್ ಬಂತೆಂದರೆ ಸೂಪರ್‌ಮಾರ್ಕೆಟ್ಟಿನ ಸ್ಪೀಕರುಗಳಲ್ಲಿ ಅದೇ ಹತ್ತು ಹನ್ನೆರಡು ಹಾಡು ಸುತ್ತುತ್ತಿರುತ್ತವೆ. ಹಳೆಯ ರಾಕ್ ತಂಡಗಳಿಗೂ ಒಂದು ವಯಸ್ಸಾದ ಮೇಲೆ ಕ್ರಿಸ್‌ಮಸ್ ಆಲ್ಬಮ್ ಮಾಡುವ ಆಸೆ ಹುಟ್ಟುತ್ತದೆ. ಎಲ್ಲರ ಬಾಯಲ್ಲಿರುವ ಕ್ಯಾರಲ್‌ಗಳು, ಹಿನ್ನೆಲೆಗೆ ಕೀಬೋರ್ಡಿನ ಗೆಜ್ಜೆ ಸದ್ದು, ಕೊನೆಗೊಂದು ಮಕ್ಕಳ ವೃಂದಗಾನ. ಇಷ್ಟಾದರೆ ಆಲ್ಬಮ್ ಸಿದ್ಧ. 26ನೇ ತಾರೀಖಿನಿಂದಾಚೆ ಅದನ್ನು ಯಾರೂ ಕೇಳುವುದಿಲ್ಲ. 2003ರ ಸೆಪ್ಟೆಂಬರ್ ಕೊನೆಯಲ್ಲಿ ಹೊರಬಂದ ‘ದ ಜೆಥ್ರೊ ಟಲ್ ಕ್ರಿಸ್‌ಮಸ್ ಆಲ್ಬಮ್’ ಜನವರಿಯಲ್ಲೂ ಕೇಳಿಸಿಕೊಳ್ಳುತ್ತದೆ. ಈ ಸಂಚಿಕೆಯಲ್ಲಿ ಅದನ್ನೇ ಎತ್ತಿಕೊಂಡದ್ದಕ್ಕೆ ಒಂದು ಸ್ವಾರ್ಥವೂ ಉಂಟು. ಬ್ರಿಟನ್ನಿನಲ್ಲಿರುವ ನಮ್ಮ ಸಂಘದ ವರ್ಷಾಂತ್ಯದ ಸಂಗೀತ ಸಂಜೆಗೆ ಕೊಳಲು, ಪಿಟೀಲು, ಮೃದಂಗ, ಕೀಬೋರ್ಡ್ ಹೊತ್ತು ಬರುವವರು ನುಡಿಸಬಹುದಾದ ಸರಕು ಅದರಲ್ಲಿ ಬೇಕಾದಷ್ಟಿದೆ.

ಜೆಥ್ರೊ ಟಲ್ ಎಂಬ ಈ ಬ್ರಿಟಿಷ್ ರಾಕ್ ತಂಡದ ಹೆಸರು ಒಬ್ಬ ಕೃಷಿಕನದು. ಬೀಜ ಬಿತ್ತುವ ಕೂರಿಗೆ ಬಯಲುಸೀಮೆಯ ರೈತರಿಗೆ ಹೊಸತೇನಲ್ಲ. ಇಂಗ್ಲೆಂಡಿನಲ್ಲಿ 1701ರ ಸುಮಾರಿಗೆ ಕುದುರೆ ಎಳೆಯುವ ಕೂರಿಗೆ ಮಾಡಿ ಹೆಸರಾದವನು ಜೆಥ್ರೊ ಟಲ್. ಅವನ ಹೆಸರನ್ನು 1968ರಲ್ಲಿ ಇಟ್ಟುಕೊಂಡ ಹುಡುಗರಲ್ಲಿ ಇಯಾನ್ ಆಂಡರ್ಸನ್ ಹಾಡುಗಾರ. ಗಿಟಾರಿನಲ್ಲಿ ಎರಿಕ್ ಕ್ಲ್ಯಾಪ್ಟನ್‌ಗೆ ಸಾಟಿಯಾಗಲಾರೆ ಎಂದುಕೊಂಡು ಕೊಳಲು ಹಿಡಿದವನು, ಗುರುವಿಲ್ಲದೆ ಕಲಿತವನು. ಬೆರಳುಗಳನ್ನು ಇಷ್ಟು ವರ್ಷ ತಪ್ಪಾಗಿ ಇಡುತ್ತಿದ್ದೆ ಎಂದು ಅವನಿಗೆ ತಿಳಿದದ್ದು ತೊಂಬತ್ತರ ದಶಕದ ಆರಂಭದಲ್ಲಿ, ಮಗಳು ಶಾಲೆಯಲ್ಲಿ ಕೊಳಲು ಕಲಿಯತೊಡಗಿದಾಗ. ಆಮೇಲೆ ಎಲ್ಲವನ್ನೂ ತಿದ್ದಿಕೊಂಡ. ಈ ಆಲ್ಬಮ್ಮಿನ ಕೊಳಲು ಹಳೆಯದಕ್ಕಿಂತ ಶುದ್ಧವಾಗಿ ಕೇಳಿಸುವುದಕ್ಕೆ ಅದೂ ಒಂದು ಕಾರಣ. ತಂಡ ಬೆಂಗಳೂರಿಗೂ ಒಂದಕ್ಕಿಂತ ಹೆಚ್ಚು ಸಲ ಬಂದು ನುಡಿಸಿದೆ. 2008ರ ಕೊನೆಯಲ್ಲಿ ಸಿತಾರ್ ವಾದಕಿ ಅನುಷ್ಕಾ ಶಂಕರ್ ಜೊತೆ ಭಾರತ ಪ್ರವಾಸ ಮಾಡಿತ್ತು.

ಆಲ್ಬಮ್ಮಿನಲ್ಲಿರುವುದು 16 ತುಣುಕು. ಅವುಗಳಲ್ಲಿ 7 ತಂಡದ ಹಳೆಯ ಸರಕೇ, ಹೊಸದಾಗಿ ನುಡಿಸಿದ್ದು. 1968ರ ‘ಎ ಕ್ರಿಸ್‌ಮಸ್ ಸಾಂಗ್’, 1969ರ ‘ಬೂರೆ’, 1976ರ ಡಿಸೆಂಬರಿನಲ್ಲಿ ಬಂದ ‘ರಿಂಗ್ ಔಟ್ ಸಾಲ್ಸ್ಟಿಸ್ ಬೆಲ್ಸ್’, 1978ರ ‘ವೆದರ್‌ಕಾಕ್’ ಹೀಗೆ. 5 ತುಣುಕು ಸಾಂಪ್ರದಾಯಿಕ ಕ್ಯಾರಲ್ ಇಲ್ಲವೇ ಶಾಸ್ತ್ರೀಯ ಧಾಟಿ, ಫ್ರೆಂಚ್ ಸಂಯೋಜಕ ಫೋರೆಯ ‘ಪವಾನ್’ ಸೇರಿ. 3 ಆಂಡರ್ಸನ್‌ನ ಹೊಸ ಹಾಡು, ಕೊನೆಯದು ಗಿಟಾರಿಸ್ಟ್ ಮಾರ್ಟಿನ್ ಬಾರ್‌ನ ರಚನೆ. ಬಾರ್ ಈ ತಂಡದ ಹೆಸರಿನಲ್ಲಿ ಸ್ಟುಡಿಯೋ ಆಲ್ಬಮ್ ಮಾಡಿದ್ದು ಇದೇ ಕೊನೆ. ತಂಡದ ಮುಂದಿನ ಸ್ಟುಡಿಯೋ ಆಲ್ಬಮ್ ಬರಲು 2022 ಆಯಿತು.

ಈ ಲೆಕ್ಕದಲ್ಲೇ ಗುಟ್ಟಿದೆ. ಹಬ್ಬಕ್ಕೆಂದು ಬೇಸಿಗೆಯಲ್ಲಿ ಕೂತು ಬರೆದ ಹಾಡುಗಳಲ್ಲ ಇವು. 35 ವರ್ಷ ಚಳಿಗಾಲದ ಬಗ್ಗೆ ಆಗಾಗ ಬರೆಯುತ್ತಲೇ ಬಂದವನು ಅವನ್ನೆಲ್ಲ ಒಂದೆಡೆ ಕೂಡಿಸಿದ್ದಾನೆ. 1968ರ ಹಾಡು ತಿಂದು ಕುಡಿದು ಮೆರೆಯುವವರನ್ನು ತಿವಿಯುತ್ತದೆ. 1976ರದು ಏಸುವಿನದಲ್ಲ, ಡಿಸೆಂಬರ್ 21ರ ಸುಮಾರಿನ ಅತಿ ದೀರ್ಘ ರಾತ್ರಿಯದು. 1989ರ ‘ಅನದರ್ ಕ್ರಿಸ್‌ಮಸ್ ಸಾಂಗ್’ನಲ್ಲಿ ಒಬ್ಬ ಮುದುಕ ದೂರದೂರಿಗೆ ಚದುರಿದ ಮಕ್ಕಳನ್ನೆಲ್ಲ ಮನೆಗೆ ಕರೆಯುತ್ತಾನೆ, ದೂರವಾಣಿಯ ಮಾತೂ ಬರುತ್ತದೆ. ಧಾರವಾಡದಲ್ಲೋ ಹಾಸನದಲ್ಲೋ ಅಪ್ಪ ಅಮ್ಮನನ್ನು ಬಿಟ್ಟು ಬಂದ ನಮ್ಮ ಸದಸ್ಯರಿಗೆ ಅದಕ್ಕೆ ವ್ಯಾಖ್ಯಾನ ಬೇಡ.

ಹಳೆಯ ಹಾಡನ್ನೇ ಮತ್ತೆ ನುಡಿಸುವುದಕ್ಕೆ ಸಾಮಾನ್ಯವಾಗಿ ವ್ಯವಹಾರದ ಕಾರಣವೂ ಇರುತ್ತದೆ. ರಚನೆಯ ಹಕ್ಕು ಬೇರೆ, ಧ್ವನಿಮುದ್ರಿಕೆಯ ಹಕ್ಕು ಬೇರೆ. ಹಳೆಯ ಮುದ್ರಿಕೆ ಹಳೆಯ ಕಂಪನಿಯ ಬಳಿ ಉಳಿದಿದ್ದರೆ, ಹೊಸ ಕಂಪನಿಗೆ ಹೊಸದಾಗಿ ನುಡಿಸಿಕೊಡುವುದು ನೇರ ದಾರಿ. ಇದರಿಂದ ಕೆಡುವುದೂ ಉಂಟು: ದನಿಗೆ ವಯಸ್ಸಾಗಿರುತ್ತದೆ. ಎಂಬತ್ತರ ದಶಕದಲ್ಲಿ ಗಂಟಲು ಕೆಟ್ಟ ಆಂಡರ್ಸನ್ ಇಲ್ಲಿ ಮೇಲಿನ ಸ್ಥಾಯಿಗೆ ಹೋಗುವುದೇ ಕಡಿಮೆ. ಆ ಜಾಗವನ್ನು ಕೊಳಲು, ಮ್ಯಾಂಡೊಲಿನ್, ಅಕಾರ್ಡಿಯನ್ ತುಂಬುತ್ತವೆ. ನಮ್ಮ ತೀರ್ಮಾನ ಕೇಳಿದರೆ, ‘ವೆದರ್‌ಕಾಕ್’ಗೆ ಇದರಿಂದ ಲಾಭವಾಗಿದೆ, ‘ಸಾಲ್ಸ್ಟಿಸ್ ಬೆಲ್ಸ್’ಗೆ ನಷ್ಟ. ಅದನ್ನು ಮಾತ್ರ ಹಳೆಯದರಲ್ಲೇ ಕೇಳಿ.

ಈಗ ನುಡಿಸುವ ಮಾತು. ಮೊದಲು ‘ಗಾಡ್ ರೆಸ್ಟ್ ಯೀ ಮೆರಿ ಜಂಟಲ್‌ಮೆನ್’. ಇದನ್ನು ಇ ಮೈನರ್‌ನಲ್ಲಿ, ಅಂದರೆ ಪಾಶ್ಚಾತ್ಯ ಇ ಸ್ವರವನ್ನೇ ಷಡ್ಜ ಮಾಡಿ ಇಟ್ಟುಕೊಂಡರೆ, ಅದೇ ಇ ಶ್ರುತಿಯ ಕೊಳಲು, ಅಂದರೆ ಮೂರು ಮನೆಯದು, ಸಾಕು. ಸ್ವರಗಳೆಲ್ಲ 20ನೇ ಮೇಳ (ಮೂಲರಾಗ) ನಟಭೈರವಿಯವು. ಮೊದಲ ಸಾಲು: ಸ, ಸ ಪ ಪ ಮ, ಗ ರಿ ಸ ನಿ, ಸ ರಿ ಗ ಮ, ಪಾ. ಆ ನಿಷಾದ ಮಂದ್ರದ್ದು, ಅಂದರೆ ಕೆಳಗಿನ ಸ್ಥಾಯಿಯದು. ಕರ್ನಾಟಕ ಶೈಲಿಯ ಕೊಳಲಿನ ಸಹಜ ಮೇಳ ಹರಿಕಾಂಭೋಜಿಯಾದ್ದರಿಂದ ಸಾಧಾರಣ ಗಾಂಧಾರಕ್ಕೂ ಶುದ್ಧ ಧೈವತಕ್ಕೂ ರಂಧ್ರವನ್ನು ಅರ್ಧ ಮುಚ್ಚಬೇಕು; ಮಕ್ಕಳು ಜಾರುವುದು ಗಾಂಧಾರದಲ್ಲಿ. ಇನ್ನೊಂದು ಅಡ್ಡಿ ಗಮಕ. ರಾಗ ಪರಿಚಿತವೆಂದು ಗಾಂಧಾರವನ್ನು ತೂಗಿಸಿದರೆ ಕೀಬೋರ್ಡಿನ ಮೈನರ್ ಕಾರ್ಡಿಗೆ (ಒಟ್ಟಿಗೆ ನುಡಿಸುವ ಸ್ವರಗುಚ್ಛಕ್ಕೆ) ಅದು ತಾಗುತ್ತದೆ. ಧಾಟಿ ಹೇಳುವಾಗ ಸ್ವರ ನೇರವಾಗಿರಲಿ, ಗಮಕವನ್ನು ನಡುವಿನ ಮನೋಧರ್ಮಕ್ಕೆ (ಆಶು ವಿಸ್ತಾರಕ್ಕೆ) ಉಳಿಸಿಕೊಳ್ಳಿ; ಆಗ ಕೀಬೋರ್ಡ್ ಕಾರ್ಡ್ ಬಿಟ್ಟು ಬರೀ ಸ-ಪ ಹಿಡಿದಿರಲಿ.

‘ಬೂರೆ’ ಕಷ್ಟ, ಆದರೆ ಹೆಚ್ಚು ಚಂದ. ಅದು ಜರ್ಮನ್ ಸಂಯೋಜಕ ಬಾಖ್ ಲೂಟ್ ಎಂಬ ತಂತಿವಾದ್ಯಕ್ಕೆ ಬರೆದ ಇ ಮೈನರ್ ಸೂಟ್‌ನಿಂದ (ನೃತ್ಯಧಾಟಿಗಳ ಮಾಲಿಕೆಯಿಂದ), ಕೃತಿಸಂಖ್ಯೆ 996ರಿಂದ ಬಂದದ್ದು. ಆರಂಭ: ಸರಿ ಗಾ, ರಿಸ ನೀ, ಸರಿ ಪಾ, ದನಿ ಸಾ, ನಿದ ಪಾ. ಮೊದಲೆರಡು ಅಕ್ಷರ ಒತ್ತಿಗೆ ಮುಂಚಿನ ಎಡುಪಿನಲ್ಲಿ ಬಂದು ಗಾಂಧಾರದ ಮೇಲೆ ಒತ್ತು ಬೀಳುತ್ತದೆ. ನೀ, ಪಾ, ದನಿ ಎಲ್ಲ ಮಂದ್ರದವು. ತೊಡಕಿರುವುದು ಇಲ್ಲಿ: ಏರುವಾಗ ಚತುಶ್ರುತಿ ಧೈವತ, ಕಾಕಲಿ ನಿಷಾದ. ಮರುಕ್ಷಣ ಇಳಿಯುವಾಗ ಕೈಶಿಕಿ ನಿಷಾದ, ಶುದ್ಧ ಧೈವತ. ಅಂದರೆ ಏರಿಕೆ ಗೌರಿಮನೋಹರಿ, ಇಳಿತ ನಟಭೈರವಿ, ಅದೂ ಒಂದೇ ಉಸಿರಿನಲ್ಲಿ. ಇದನ್ನು ಕೀರವಾಣಿ ಎಂದು ತಿಳಿದು ಹೊರಟವರು ಎರಡು ಕಡೆಯೂ ತಪ್ಪುತ್ತಾರೆ. ಕೊಳಲಿಗೆ ಕಷ್ಟವಾದರೆ ಈ ನಾಲ್ಕು ಸ್ವರಗಳ ತಿರುವನ್ನು ಪಿಟೀಲಿಗೆ ಕೊಡಿ.

ಲಯದಲ್ಲೂ ಎಚ್ಚರ ಬೇಕು. ಬಾಖ್‌ನಲ್ಲಿ ಆ ಜೋಡಿ ಅಕ್ಷರಗಳು ಸಮ. ಟಲ್ ತಂಡ ಅವನ್ನು ಸ್ವಿಂಗ್ ಮಾಡುತ್ತದೆ, ಮೊದಲನೆಯದು ಉದ್ದ, ಎರಡನೆಯದು ಗಿಡ್ಡ, ಸುಮಾರು 2:1. ಮೃದಂಗದವರು ರೂಢಿಯಂತೆ ಚತುರಶ್ರ (ನಾಲ್ಕರ) ನಡೆಯಲ್ಲಿ ತಕಧಿಮಿ ನುಡಿಸಿದರೆ ಸ್ವಿಂಗ್ ಸತ್ತುಹೋಗುತ್ತದೆ. ತಿಶ್ರ (ಮೂರರ) ನಡೆ ಹಿಡಿಯಿರಿ, ತಕಿಟದಲ್ಲಿ ನಡುವಿನ ಅಕ್ಷರ ಖಾಲಿ ಬಿಡಿ. ‘ಸಾಲ್ಸ್ಟಿಸ್ ಬೆಲ್ಸ್’ ಏಳರ ಎಣಿಕೆಯ ಹಾಡು, ಸಾಹಿತ್ಯದಲ್ಲೇ ಆ ಏಳು ಬರುತ್ತದೆ. ಮಿಶ್ರ ಛಾಪು ತಾಳ ಗೊತ್ತಿದ್ದವರಿಗೆ ಏಳು ಹೆದರಿಕೆಯಲ್ಲ. ಆದರೂ ಛಾಪಿನ 3+4 ಒಡೆತವನ್ನು ಅದರ ಮೇಲೆ ಹೇರಬೇಡಿ. ಹಾಡಿನ ಒತ್ತು ಎಲ್ಲೆಲ್ಲಿ ಬೀಳುತ್ತದೆಂದು ಮೊದಲು ಕೈಯಲ್ಲಿ ಎಣಿಸಿಕೊಳ್ಳಿ.

ಚಳಿಯ ವಿಷಯ. ಕೊಳಲಿನೊಳಗಿನ ಗಾಳಿ 10 ಡಿಗ್ರಿ ತಣ್ಣಗಾದರೆ ಶ್ರುತಿ ಸುಮಾರು 30 ಸೆಂಟ್ ಇಳಿಯುತ್ತದೆ. ಒಂದು ಸ್ವರಸ್ಥಾನದಿಂದ ಮುಂದಿನದಕ್ಕೆ 100 ಸೆಂಟ್, ಹಾಗಾಗಿ ಈ ಬೇಸುರು ಯಾರ ಕಿವಿಗೂ ಬೀಳುತ್ತದೆ. ಕಾರಿನ ಡಿಕ್ಕಿಯಿಂದ ತಂದ ಕೊಳಲನ್ನು ನೇರ ವೇದಿಕೆಗೆ ಒಯ್ಯದೆ ಅರ್ಧ ಗಂಟೆ ಕೋಣೆಯಲ್ಲಿಟ್ಟು, ಊದಿ ಬಿಸಿಮಾಡಿ. ಬಿಸಿಯಾಗಲೆಂದು ರೇಡಿಯೇಟರ್ ಮೇಲೆ ಇಟ್ಟರೆ ಬಿದಿರು ಸೀಳುತ್ತದೆ. ಆಮೇಲೂ ತಗ್ಗಾಗಿದ್ದರೆ ಕೀಬೋರ್ಡನ್ನೇ ಇಳಿಸಿ: 440ರಿಂದ 1 ಹರ್ಟ್ಸ್ ಇಳಿಸಿದರೆ ಸುಮಾರು 4 ಸೆಂಟ್. ಮೃದಂಗದ ಕತೆ ಉಲ್ಟಾ. ಹೀಟರ್ ಹಾಕಿದ ಒಣ ಹಾಲ್‌ನಲ್ಲಿ ಚರ್ಮ ಬಿಗಿದು ಶ್ರುತಿ ಏರುತ್ತದೆ, ಆದ್ದರಿಂದ ನಡುವೆ ಒಮ್ಮೆ ಸುತ್ತಿಗೆಯಿಂದ ಶ್ರುತಿ ಸರಿಮಾಡಿಕೊಳ್ಳಲು ಸಮಯ ಕೊಡಿ. ಒಂದು ಮನೆಗೆ ಕಟ್ಟಿದ ತಗ್ಗು ಶ್ರುತಿಯ ಮೃದಂಗವನ್ನು ಮೂರು ಮನೆಗೆ ಎಳೆದರೆ ಚರ್ಮದ ಮುಚ್ಚಿಗೆ ಹರಿಯಬಹುದು. ಅದರ ಬದಲು ಅರ್ಧ ಮನೆ ಇಳಿಸಿದರೆ ಇ ಶ್ರುತಿಯ ಪಂಚಮ ಸಿಗುತ್ತದೆ, ಅದಕ್ಕೇ ಸೇರಿಸಿ.

ಚರ್ಚ್ ಹಾಲ್ ಸಿಕ್ಕರೆ ಧ್ವನಿ ಬಹಳ ಹೊತ್ತು ಮೊಳಗುತ್ತದೆ, ವೇಗದ ಮೃದಂಗ ಕಲಸಿಹೋಗುತ್ತದೆ. ಆಂಡರ್ಸನ್ ಇಂಗ್ಲೆಂಡಿನ ಚರ್ಚು, ಕೆಥೆಡ್ರಲ್‌ಗಳಲ್ಲಿ ಸಹಾಯಾರ್ಥವಾಗಿ ಕ್ರಿಸ್‌ಮಸ್ ಕಛೇರಿ ಮಾಡುತ್ತ ಬಂದಿದ್ದಾನೆ. ಲಂಡನ್ನಿನ ಫ್ಲೀಟ್ ಸ್ಟ್ರೀಟ್‌ನ ಸೇಂಟ್ ಬ್ರೈಡ್ಸ್ ಚರ್ಚಿನ 2008ರ ಕಛೇರಿ 2009ರ ಮರುಮುದ್ರಣದ ಎರಡನೇ ಡಿಸ್ಕ್‌ನಲ್ಲಿದೆ. ಇಂಥ ಜಾಗದಲ್ಲಿ ನುಡಿಸುವವರು ಅದನ್ನು ಕೇಳಿಕೊಂಡೇ ಬರಬೇಕು. 2024ರಲ್ಲಿ ಬ್ರೂಸ್ ಸೂರ್ಡ್ ಹೊಸದಾಗಿ ಮಿಕ್ಸ್ ಮಾಡಿದ ಡಿಸ್ಕ್‌ಗಳ ಪೆಟ್ಟಿಗೆಯೂ ಬಂದಿದೆ.

ಹಕ್ಕಿನ ವಿಚಾರ ಇಷ್ಟು. ಬಾಖ್‌ನ ಧಾಟಿಗೂ ಹಳೆಯ ಕ್ಯಾರಲ್‌ಗೂ ಯಾರ ಅನುಮತಿಯೂ ಬೇಡ. ಟಲ್ ತಂಡದ ಜೋಡಣೆಗೆ, ಆಂಡರ್ಸನ್‌ನ ಸ್ವಂತ ಹಾಡುಗಳಿಗೆ ಬೇಕು. ಬ್ರಿಟನ್ನಿನಲ್ಲಿ ವೇದಿಕೆಯ ಮೇಲಿನ ಪ್ರದರ್ಶನಕ್ಕೆ ಪಿಪಿಎಲ್ ಪಿಆರ್‌ಎಸ್ ಎಂಬ ಸಂಗೀತ ಹಕ್ಕುಗಳ ಸಂಸ್ಥೆಯ ಪರವಾನಗಿ ಹಾಲ್‌ನವರ ಬಳಿಯೇ ಇರುವುದುಂಟು, ಬುಕಿಂಗ್ ಮಾಡುವಾಗ ಕೇಳಿ. ವೀಡಿಯೊ ಅಂತರ್ಜಾಲಕ್ಕೆ ಏರಿಸುವುದು ಅದರಲ್ಲಿ ಸೇರಿಲ್ಲ. ನುಡಿಸಲು ಮನಸ್ಸಿರುವವರು ಸಾಂಸ್ಕೃತಿಕ ಸಮಿತಿಗೆ ಬರೆಯುವಾಗ ವಾದ್ಯದ ಹೆಸರಿನ ಜೊತೆಗೆ ಕೊಳಲಿನ ಮನೆ, ಮೃದಂಗದ ಶ್ರುತಿ ಎರಡನ್ನೂ ನಮೂದಿಸಿ.