ನೃತ್ಯದ ಬಗ್ಗೆ ಬರೆಯಹೊರಟ ಕಿರಿಯ ಮಿತ್ರರಿಗೆ

ಪ್ರಿಯ ಮಿತ್ರರೇ,

ನಮಸ್ಕಾರಗಳು. ನೀವು ಕಳಿಸಿದ ಎರಡೂ ಬರಹಗಳನ್ನು, ಭರತನಾಟ್ಯ ಕಾರ್ಯಕ್ರಮವೊಂದರ ವಿಮರ್ಶೆಯನ್ನೂ ನಮ್ಮ ಶಾಸ್ತ್ರೀಯ ನೃತ್ಯಗಳ ಕುರಿತ ಚಿತ್ರಸಂಪುಟವೊಂದರ ಪರಿಚಯವನ್ನೂ, ಎರಡೆರಡು ಬಾರಿ ಓದಿದೆ. ನೃತ್ಯದ ಮೇಲೆ ನಿಮಗಿರುವ ಪ್ರೀತಿ ಎರಡರಲ್ಲೂ ಎದ್ದು ಕಾಣುತ್ತದೆ, ಮತ್ತು ಆ ಪ್ರೀತಿಯ ಮೇಲಿನ ಭರವಸೆಯಿಂದಲೇ ಇಷ್ಟು ಬಿಚ್ಚುಮನಸ್ಸಿನಿಂದ ಬರೆಯುತ್ತಿದ್ದೇನೆ. ವಿಮರ್ಶೆಯನ್ನು ಓದಿ ಮುಗಿಸಿದ ಮೇಲೂ ಆ ಸಂಜೆ ಕಲಾವಿದೆ ವೇದಿಕೆಯ ಮೇಲೆ ಏನು ಮಾಡಿದರು ಎಂಬುದು ನನಗೆ ತಿಳಿಯಲಿಲ್ಲ. ಕಾರ್ಯಕ್ರಮದ ಮುಖ್ಯ ನೃತ್ಯಬಂಧವಾದ ವರ್ಣ ರೋಮಾಂಚನಗೊಳಿಸಿತು, ಅಭಿನಯ ಮನೋಜ್ಞವಾಗಿತ್ತು, ಸಭಿಕರು ಮಂತ್ರಮುಗ್ಧರಾದರು ಎಂದಿದ್ದೀರಿ. ಇದೆಲ್ಲ ನೋಡುತ್ತ ಕುಳಿತವರಿಗೆ ಆದ ಅನುಭವ. ಕುಣಿದವರು ಮಾಡಿದ್ದೇನು ಎಂಬುದಕ್ಕೆ ಇಡೀ ಬರಹದಲ್ಲಿ ಒಂದು ವಾಕ್ಯವೂ ಇಲ್ಲ. ಪುಸ್ತಕದ ಪರಿಚಯದಲ್ಲಿ ಛಾಯಾಚಿತ್ರಗಳ ಸೊಗಸನ್ನು ಮನಸಾರೆ ಮೆಚ್ಚಿಕೊಂಡಿದ್ದೀರಿ. ಆದರೆ ಆ ಚಿತ್ರಗಳಲ್ಲಿರುವ ಭಂಗಿಗಳು ಎಲ್ಲಿಂದ ಬಂದವು, ಅಲ್ಲಿಂದ ಎಲ್ಲಿಗೆ ಹೋದವು ಎಂದು ಕೇಳಿಕೊಂಡಿಲ್ಲ. ಈ ಎರಡು ಕೊರತೆಗಳ ಮೂಲ ಒಂದೇ, ನೃತ್ಯವನ್ನು ಚಲನೆಯಾಗಿ ನೋಡದಿರುವುದು, ಎಂದು ನನಗೆ ತೋರುತ್ತದೆ.

ನಾಟ್ಯಶಾಸ್ತ್ರದ ನಾಲ್ಕನೆಯ ಅಧ್ಯಾಯದಲ್ಲಿ 108 ಕರಣಗಳ ವಿವರಣೆ ಬರುತ್ತದೆ. ಅಭಿನಯವಿಲ್ಲದ ಶುದ್ಧ ನರ್ತನವಾದ ನೃತ್ತದಲ್ಲಿ ಕೈಕಾಲುಗಳು ಒಟ್ಟುಗೂಡಿ ನಡೆಸುವ ಕ್ರಿಯೆಯೇ ಕರಣವೆಂಬುದು ಅಲ್ಲಿ ಹೇಳಿರುವ ಲಕ್ಷಣ. ತಂಜಾವೂರಿನ ಬೃಹದೀಶ್ವರ ದೇವಾಲಯದಲ್ಲಿ ಇವುಗಳಲ್ಲಿ 81 ಕರಣಗಳ ಶಿಲ್ಪಗಳಿವೆ, ಉಳಿದವುಗಳಿಗೆಂದು ಇರಿಸಿದ ಕಲ್ಲುಗಳು ಕೆತ್ತನೆ ಕಾಣದೆ ಹಾಗೆಯೇ ಉಳಿದಿವೆ. ಚಿದಂಬರದ ಗೋಪುರದ್ವಾರಗಳಲ್ಲಿ ಶಿಲ್ಪಗಳ ಜೊತೆಗೆ ನಾಟ್ಯಶಾಸ್ತ್ರದ ಶ್ಲೋಕಗಳನ್ನೂ ಕೆತ್ತಿದ್ದಾರೆ. ಈ ಶಿಲ್ಪಗಳನ್ನು ನಿಂತ ಭಂಗಿಗಳೆಂದೇ ತಿಳಿದು ಬರೆದವರು ಹಲವರಿದ್ದಾರೆ. ಕರಣವೆಂದರೆ ಚಲನೆ, ಶಿಲ್ಪಿ ಕಲ್ಲಿನಲ್ಲಿ ಹಿಡಿದದ್ದು ಆ ಚಲನೆಯ ಒಂದು ಕ್ಷಣವನ್ನು ಮಾತ್ರ ಎಂಬುದನ್ನು ನರ್ತಕಿ ಹಾಗೂ ಸಂಶೋಧಕಿ ಪದ್ಮಾ ಸುಬ್ರಹ್ಮಣ್ಯಂ ಅವರು ಗ್ರಂಥ ಮತ್ತು ಶಿಲ್ಪಗಳೆರಡನ್ನೂ ಆಧಾರವಾಗಿಟ್ಟುಕೊಂಡು ಪ್ರತಿಪಾದಿಸಿದರು, ತಾವೇ ಕುಣಿದೂ ತೋರಿಸಿದರು. ಬೇಲೂರಿನ ಮದನಿಕೆಯರ ಮುಂದೆ ನಿಂತಾಗಲೂ ಈ ಮಾತನ್ನು ನೆನಪಿಟ್ಟುಕೊಳ್ಳಿ. ಆ ಸೊಂಟದ ಬಾಗು, ಆ ಎತ್ತಿದ ಪಾದ ಹಿಂದಿನ ಯಾವುದೋ ಹೆಜ್ಜೆಯಿಂದ ಹುಟ್ಟಿದ್ದು, ಮುಂದಿನ ಯಾವುದೋ ಹೆಜ್ಜೆಯಲ್ಲಿ ಕರಗಲಿರುವುದು. ಶಿಲ್ಪಿಗೂ ಛಾಯಾಗ್ರಾಹಕರಿಗೂ ದಕ್ಕುವುದು ಒಂದೇ ಕ್ಷಣ. ಬರೆಯುವವರಿಗೆ ಆ ಕಟ್ಟು ಇಲ್ಲ, ಏಕೆಂದರೆ ವಾಕ್ಯವೂ ಕಾಲದಲ್ಲಿಯೇ ನಡೆಯುತ್ತದೆ; ಮೊದಲು ಏನಾಯಿತು, ಆಮೇಲೆ ಏನಾಯಿತು ಎಂದು ಹೇಳುವ ಶಕ್ತಿ ಅದಕ್ಕಿದೆ. ಹೀಗಿರುವಾಗ ನಾವು ನಮ್ಮ ವಾಕ್ಯಗಳನ್ನು ವಿಶೇಷಣಗಳಿಂದ ತುಂಬಿಸಿ ಚಿತ್ರಪುಸ್ತಕದ ಪಕ್ಕದಲ್ಲಿ ನಿಲ್ಲಿಸುವುದು ನಮಗಿರುವ ಒಂದೇ ಒಂದು ಅನುಕೂಲವನ್ನು ಕೈಚೆಲ್ಲಿದಂತೆ.

ನೋಡುವುದೆಂದರೇನು ಎಂಬುದಕ್ಕೆ ನಾವು ದೂರ ಹುಡುಕಬೇಕಾಗಿಲ್ಲ. ಪಂಪ 941ರಲ್ಲಿ ಮುಗಿಸಿದ ಆದಿಪುರಾಣದಲ್ಲಿ ನೀಲಾಂಜನೆಯ ನೃತ್ಯದ ಪ್ರಸಂಗವಿದೆ. ಆಯುಷ್ಯ ಮುಗಿಯುತ್ತ ಬಂದಿರುವ ದೇವನರ್ತಕಿಯನ್ನು ಇಂದ್ರ, ಮುಂದೆ ಮೊದಲ ತೀರ್ಥಂಕರನಾಗಲಿರುವ ಆದಿದೇವನ ಸಭೆಯಲ್ಲಿ ಕುಣಿಸುತ್ತಾನೆ. ಕುಣಿಯುತ್ತಿರುವಾಗಲೇ ಅವಳು ಮಾಯವಾಗುತ್ತಾಳೆ, ರಸಭಂಗವಾಗದಂತೆ ಇಂದ್ರ ಆ ಕ್ಷಣದಲ್ಲೇ ಅವಳಂತೆಯೇ ಇರುವ ಇನ್ನೊಬ್ಬಳನ್ನು ಅಲ್ಲಿ ನಿಲ್ಲಿಸುತ್ತಾನೆ. ರೂಪ ಅದೇ, ಆಟ ಅದೇ, ಸಭೆಗೆ ಏನೂ ತಿಳಿಯುವುದಿಲ್ಲ. ಆದಿದೇವನೊಬ್ಬನಿಗೆ ತಿಳಿಯುತ್ತದೆ. ಅದರಿಂದ ಅವನಲ್ಲಿ ಹುಟ್ಟಿದ ವೈರಾಗ್ಯವೇ ಕಾವ್ಯದ ಗುರಿ, ನಿಜ. ಆದರೆ ನೃತ್ಯದ ಬಗ್ಗೆ ಬರೆಯುವ ನನಗೆ ಆ ಪ್ರಸಂಗ ಪ್ರತಿ ಸಲವೂ ನೆನಪಿಸುವುದು ಸಭೆಯನ್ನು. ಅಷ್ಟು ಜನ ಕಣ್ಣು ಬಿಟ್ಟು ನೋಡುತ್ತಿದ್ದರು, ಸಂತೋಷಪಡುತ್ತಿದ್ದರು, ಕುಣಿಯುವವಳು ಬದಲಾದದ್ದನ್ನು ಕಾಣಲಿಲ್ಲ. ಸಂತೋಷಪಡುವುದು ಪ್ರೇಕ್ಷಕರ ಹಕ್ಕು, ಅಷ್ಟು ಸಾಕು ಅವರಿಗೆ. ಲೇಖನಿ ಹಿಡಿದು ಕುಳಿತವರು ಅದರಾಚೆಗೆ ಒಂದಿಷ್ಟು ಶ್ರಮಪಡಬೇಕು.

ಆ ಶ್ರಮ ಹೇಗಿರುತ್ತದೆ ಎಂಬುದನ್ನು ಒಂದೇ ಸಾಲಿನ ಮೂಲಕ ತೋರಿಸುತ್ತೇನೆ. ವ್ಯಾಸರಾಯರ 'ಕೃಷ್ಣಾ ನೀ ಬೇಗನೆ ಬಾರೋ' ನಿಮಗೆ ಗೊತ್ತಿರುವ ಪದ. ಕನ್ನಡದ ಈ ದೇವರನಾಮವನ್ನು ಅಭಿನಯದ ಮೂಲಕ ಲೋಕಪ್ರಸಿದ್ಧಗೊಳಿಸಿದವರು ಚೆನ್ನೈನ ಟಿ. ಬಾಲಸರಸ್ವತಿ. ಸತ್ಯಜಿತ್ ರಾಯ್ 1976ರಲ್ಲಿ ಅವರ ಕುರಿತು ತೆಗೆದ ಸಾಕ್ಷ್ಯಚಿತ್ರದಲ್ಲಿ ಅವರು ಕಡಲ ದಂಡೆಯಲ್ಲಿ, ಬೀಸುವ ಗಾಳಿಯಲ್ಲಿ ಇದಕ್ಕೇ ಅಭಿನಯಿಸುತ್ತಾರೆ. ಬೇರೊಬ್ಬ ಹಿರಿಯ ಕಲಾವಿದೆ ಇದೇ ಪದವನ್ನು ಮಾಡಿದಾಗ ನಾನು ಬರೆದಿಟ್ಟುಕೊಂಡ ಟಿಪ್ಪಣಿ ಹೀಗಿದೆ. ಗಾಯಕಿ ಪಲ್ಲವಿಯನ್ನು ಮೊದಲ ಸಲ ಹಾಡಿದಾಗ ಕಲಾವಿದೆಯ ತೋಳು ಪೂರ್ತಿ ಚಾಚಿತ್ತು, ದೃಷ್ಟಿ ದೂರದಲ್ಲಿ, ಸುಮಾರು ಅವರ ಎದೆಯ ಎತ್ತರದಲ್ಲಿ ನೆಟ್ಟಿತ್ತು. ಎರಡನೆಯ ಸಲ ಮೊಣಕೈ ಮಡಿಸಿತು, ಕರೆಯುವ ಬೆರಳುಗಳು ಸಣ್ಣಗಾದವು, ದೃಷ್ಟಿ ತಮ್ಮ ಮೊಣಕಾಲಿನ ಮಟ್ಟಕ್ಕೆ ಇಳಿಯಿತು. ಮೂರನೆಯ ಸಲ ಕೈ ಕರೆಯಲೇ ಇಲ್ಲ. ಮುನಿಸಿಕೊಂಡವರಂತೆ ಮುಖ ಅತ್ತ ತಿರುಗಿಸಿದರು, ಕಡೆಗಣ್ಣು ಮಾತ್ರ ಇತ್ತ ಉಳಿಯಿತು. ಸಾಹಿತ್ಯ ಮೂರು ಸಲವೂ ಒಂದೇ. ಆದರೆ ದೃಷ್ಟಿ ಇಳಿದದ್ದರಿಂದಲೇ ಮಗು ಹತ್ತಿರ ಬಂದಿತೆಂದು ನಮಗೆ ಗೊತ್ತಾಯಿತು, ಮುಖ ತಿರುಗಿಸಿದ್ದರಿಂದ ಅದು ಇನ್ನೂ ಮಡಿಲಿಗೆ ಬಂದಿಲ್ಲವೆಂದು ಗೊತ್ತಾಯಿತು. ಇಷ್ಟನ್ನು ಬರೆದರೆ ವಾತ್ಸಲ್ಯ ಉಕ್ಕಿ ಹರಿಯಿತು ಎಂಬ ಮಾತನ್ನು ಬರೆಯಬೇಕಾಗುವುದಿಲ್ಲ, ಓದುವವರು ಅದನ್ನು ತಾವೇ ಅನುಭವಿಸುತ್ತಾರೆ. ನಿಮ್ಮ ಮೆಚ್ಚುಗೆ ಆ ಕಲಾವಿದೆಗೆ ತಲುಪುವುದೂ ಹೀಗೆಯೇ. ತಾನು ಯೋಚಿಸಿ ಮಾಡಿದ ಒಂದು ಸೂಕ್ಷ್ಮವನ್ನು ಯಾರೋ ಕಂಡರು ಎಂಬುದಕ್ಕಿಂತ ದೊಡ್ಡ ಗೌರವ ಕಲಾವಿದರಿಗೆ ಇನ್ನೊಂದಿಲ್ಲವೆಂದು ನಾನು ನಂಬಿದ್ದೇನೆ.

ಹೀಗೆ ಕಾಣಬೇಕಾದರೆ ಸ್ವಲ್ಪ ಓದು ಬೇಕೇ ಬೇಕು. ಬೆರಳುಗಳನ್ನು ಚಾಚಿ ಜೋಡಿಸಿ ಹೆಬ್ಬೆರಳು ಮಡಿಸುವ ಪತಾಕ ಹಸ್ತವನ್ನೇ ತೆಗೆದುಕೊಳ್ಳಿ. ಅಭಿನಯದರ್ಪಣವೆಂಬ ಗ್ರಂಥದಲ್ಲಿ ಹಸ್ತದ ಬಳಕೆಗಳನ್ನು ಹೇಳುವ ವಿನಿಯೋಗ ಶ್ಲೋಕದ ಪ್ರಕಾರ ಅದೊಂದೇ ಕೈ ಮೋಡವೂ ಆಗುತ್ತದೆ, ಕಾಡೂ ಆಗುತ್ತದೆ, ರಾತ್ರಿಯೂ ನದಿಯೂ ಬೇಡವೆಂಬ ನಿರಾಕರಣೆಯೂ ಆಗುತ್ತದೆ. ಇವುಗಳಲ್ಲಿ ಯಾವುದು ಎಂಬುದನ್ನು ಕೈ ಚಲಿಸುವ ರೀತಿ, ಕಣ್ಣು ಹೋಗುವ ದಿಕ್ಕು ಮತ್ತು ಹಾಡಿನ ಮಾತು ಸೇರಿ ತೀರ್ಮಾನಿಸುತ್ತವೆ. ಅಭಿನಯದರ್ಪಣವನ್ನು ಹತ್ತಿರವೇ ಇಟ್ಟುಕೊಳ್ಳಿ, ಅದು ಚಿಕ್ಕ ಗ್ರಂಥ. ಆದರೆ 'ಶಾಸ್ತ್ರದ ಪ್ರಕಾರ' ಎಂದು ಬರೆಯುವಾಗ ಯಾವ ಶಾಸ್ತ್ರವೆಂದು ಹೇಳಿಬಿಡಿ. ಒಂಟಿ ಕೈಯ ಅಸಂಯುತ ಹಸ್ತಗಳು ನಾಟ್ಯಶಾಸ್ತ್ರದಲ್ಲಿ 24, ಅಭಿನಯದರ್ಪಣದಲ್ಲಿ 28. ದೃಷ್ಟಿಭೇದಗಳು ಮೊದಲನೆಯದರಲ್ಲಿ 36, ಎರಡನೆಯದರಲ್ಲಿ 8. ನಿಮ್ಮ ಲೇಖನದಲ್ಲಿ ಎರಡೂ ಗ್ರಂಥಗಳ ಲೆಕ್ಕ ಒಂದೇ ಪ್ಯಾರಾದಲ್ಲಿ ಬೆರೆತುಹೋಗಿದೆ. ಕನ್ನಡ ನಾಡಿನವರಾಗಿ ನಮಗೆ ಇನ್ನೂ ಎರಡು ಗ್ರಂಥಗಳು ಆಪ್ತವಾಗಬೇಕು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ನೃತ್ಯಕ್ಕೇ ಮೀಸಲಾದ ಭಾಗವಿದೆ. ಶಿವಗಂಗೆಯ ಸೀಮೆಯಿಂದ ಉತ್ತರಕ್ಕೆ ಹೋಗಿ ಅಕ್ಬರನ ಕಾಲದಲ್ಲಿ ಬರೆದ ಪುಂಡರೀಕ ವಿಠಲನ ನರ್ತನನಿರ್ಣಯವನ್ನು ಮೈಸೂರಿನ ವಿದ್ವಾಂಸ ರಾ. ಸತ್ಯನಾರಾಯಣ ಅವರು ಸಂಪಾದಿಸಿ, ವಿಸ್ತಾರವಾದ ವ್ಯಾಖ್ಯಾನದೊಂದಿಗೆ ಕೊಟ್ಟಿದ್ದಾರೆ. ದಕ್ಷಿಣದಲ್ಲಿ ಹುಟ್ಟಿ ಉತ್ತರದಲ್ಲಿ ಬಾಳಿದ ಒಬ್ಬ ಪಂಡಿತ ಎರಡೂ ಕಡೆಯ ನರ್ತನವನ್ನು ಕಂಡು ಬರೆದದ್ದು ಅದರ ವಿಶೇಷ. ಇವನ್ನು ಮೊದಲ ಪುಟದಿಂದ ಕೊನೆಯವರೆಗೆ ಒಂದೇ ಉಸಿರಿಗೆ ಓದಲು ಹೋಗಬೇಡಿ. ಕಾರ್ಯಕ್ರಮದಿಂದ ಒಂದು ಪ್ರಶ್ನೆ ಹೊತ್ತು ಬನ್ನಿ, ಅದರ ಉತ್ತರಕ್ಕಾಗಿ ತೆರೆಯಿರಿ.

ಇನ್ನು ಇತಿಹಾಸದ ಮಾತು. ಇದರಲ್ಲಿ ನಾನು ಸ್ವಲ್ಪ ಕಟುವಾಗಿ ಕಂಡರೆ ಕ್ಷಮಿಸಿ. ಚಿತ್ರಸಂಪುಟದ ಮುನ್ನುಡಿಯಲ್ಲಿರುವ 'ಎರಡು ಸಾವಿರ ವರ್ಷಗಳಿಂದ ಅಖಂಡವಾಗಿ ಹರಿದುಬಂದ ಪರಂಪರೆ' ಎಂಬ ಮಾತನ್ನು ನೀವು ಹಾಗೆಯೇ ಎತ್ತಿಕೊಂಡಿದ್ದೀರಿ. ಇಂದು ನಾವು ನೋಡುವ ಭರತನಾಟ್ಯದ ಮಾರ್ಗ, ಅಂದರೆ ಆರಂಭದ ಅಲಾರಿಪುವಿನಿಂದ ಕೊನೆಯ ತಿಲ್ಲಾನದವರೆಗಿನ ಕ್ರಮ, 19ನೆಯ ಶತಮಾನದಲ್ಲಿ ಚಿನ್ನಯ್ಯ, ಪೊನ್ನಯ್ಯ, ಶಿವಾನಂದಂ, ವಡಿವೇಲು ಎಂಬ ತಂಜಾವೂರಿನ ನಾಲ್ವರು ಸಹೋದರರಿಂದ ರೂಪುಗೊಂಡದ್ದು. ಅವರಲ್ಲಿ ಚಿನ್ನಯ್ಯ ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನಲ್ಲಿದ್ದರು. ಈ ಕಲೆಯನ್ನು ತಲೆಮಾರುಗಳ ಕಾಲ ಉಳಿಸಿಕೊಂಡು ಬಂದವರು ದೇವಾಲಯ ಮತ್ತು ಆಸ್ಥಾನಗಳ ನರ್ತಕಿಯರು ಹಾಗೂ ಅವರಿಗೆ ನೃತ್ಯ ಕಲಿಸಿ ತಾಳ ಹಿಡಿದು ನಡೆಸುವ ನಟುವನಾರರು. ಆ ಹೆಂಗಸರ ಬದುಕನ್ನು ಸಮಾಜ ಹೀನವಾಗಿ ಕಂಡಿತು. ಮದರಾಸಿನಲ್ಲಿ 1947ರ ಕಾನೂನು ದೇವದಾಸಿ ಪದ್ಧತಿಯನ್ನು ನಿಷೇಧಿಸಿದಾಗ ಶೋಷಣೆಯ ಒಂದು ಬಾಗಿಲು ಮುಚ್ಚಿತು, ಆದರೆ ಅದೇ ಹೊತ್ತಿಗೆ ಅವರ ಕಲೆಯನ್ನು ಬೇರೆಯವರು ಬೇರೆ ಹೆಸರಿನಿಂದ ಹೆಮ್ಮೆಯ ಸೊತ್ತಾಗಿ ಮೆರೆಸತೊಡಗಿದ್ದರು. 1936ರಲ್ಲಿ ಮುಂದೆ ಕಲಾಕ್ಷೇತ್ರವಾಗಿ ಬೆಳೆದ ಸಂಸ್ಥೆಯನ್ನು ಕಟ್ಟಿದ ರುಕ್ಮಿಣೀದೇವಿ ಅರುಂಡೇಲ್ ಅವರ ಸಾಧನೆ ಬಹು ದೊಡ್ಡದು. ಅವರನ್ನು ಹೊಗಳುವಾಗ ಅವರಿಗೆ ಕಲಿಸಿದ ಮೈಲಾಪುರದ ಗೌರಿ ಅಮ್ಮಾಳ್ ಕಪಾಲೀಶ್ವರ ದೇವಾಲಯದ ನರ್ತಕಿಯಾಗಿದ್ದರು, ಅದೇ ಗೌರಿ ಅಮ್ಮಾಳ್ ಬಾಲಸರಸ್ವತಿಯವರಿಗೂ ಅಭಿನಯ ಹೇಳಿಕೊಟ್ಟರು ಎಂಬುದನ್ನೂ ಬರೆಯಬೇಕು. ಶೃಂಗಾರದ ವಿಷಯದಲ್ಲಿ ರುಕ್ಮಿಣೀದೇವಿ ಮತ್ತು ಬಾಲಸರಸ್ವತಿ ಎಂಬ ಈ ಇಬ್ಬರು ಮಹಾನ್ ಕಲಾವಿದೆಯರ ನಿಲುವು ಬೇರೆಬೇರೆಯಾಗಿತ್ತು, ಇಂದಿಗೂ ಅಭಿಮಾನಿಗಳು ಪಕ್ಷ ಹಿಡಿದು ಮಾತನಾಡುತ್ತಾರೆ. ಇಬ್ಬರೂ ಒಬ್ಬ ಗುರುವಿನ ಮುಂದೆ ಕುಳಿತಿದ್ದರೆಂಬ ಸಂಗತಿ ಆ ವಾಗ್ವಾದದಲ್ಲಿ ಮರೆತೇಹೋಗುತ್ತದೆ.

ನಮ್ಮಲ್ಲೇ ನೋಡಿ. ಮೈಸೂರು ಶೈಲಿಯ ಅಭಿನಯದ ಹೆಸರು ಹೇಳುವವರಲ್ಲಿ ಎಷ್ಟು ಮಂದಿ ಜಟ್ಟಿ ತಾಯಮ್ಮನವರನ್ನು ನೆನೆಯುತ್ತಾರೆ? ಅವರ ಶಿಷ್ಯೆ ಕೆ. ವೆಂಕಟಲಕ್ಷಮ್ಮನವರು ಕಡೂರಿನ ಕಡೆಯ ಲಂಬಾಣಿ ತಾಂಡಾದಲ್ಲಿ ಹುಟ್ಟಿ, ಮೈಸೂರು ಅರಮನೆಯ ಆಸ್ಥಾನ ವಿದುಷಿಯಾಗಿ, 1992ರಲ್ಲಿ ಪದ್ಮಭೂಷಣ ಪಡೆದವರು. ಪದ, ಜಾವಳಿ, ಅಷ್ಟಪದಿಗಳ ಅಭಿನಯದಲ್ಲಿ ಅವರು ಉಳಿಸಿಕೊಟ್ಟದ್ದನ್ನು ಕುರಿತು ಕನ್ನಡದಲ್ಲಿ ಬರೆಯಬೇಕಾದದ್ದು ಇನ್ನೂ ಬಹಳ ಇದೆ. ನಿಮ್ಮಂಥವರು ಆ ಕೆಲಸಕ್ಕೆ ಕೈಹಾಕಿದರೆ ನನಗೆ ಆಗುವ ಸಂತೋಷ ಅಷ್ಟಿಷ್ಟಲ್ಲ.

ಬೇರೆ ನೃತ್ಯಪದ್ಧತಿಗಳ ಬಗ್ಗೆ ಒಂದೆರಡು ಮಾತು. ಕೇಂದ್ರ ಸಂಗೀತ ನಾಟಕ ಅಕಾಡೆಮಿ ಇಂದು ಎಂಟು ನೃತ್ಯಗಳಿಗೆ ಶಾಸ್ತ್ರೀಯವೆಂಬ ಮಾನ್ಯತೆ ನೀಡುತ್ತದೆ, ಅಸ್ಸಾಮಿನ ಸತ್ರಗಳೆಂಬ ವೈಷ್ಣವ ಮಠಗಳಿಂದ ಬಂದ ಸತ್ರಿಯ 2000ದಲ್ಲಿ ಆ ಪಟ್ಟಿ ಸೇರಿತು. ಎಂಟಕ್ಕೂ ಒಂದೇ ಅಳತೆಗೋಲು ಹಿಡಿಯಬೇಡಿ. ಮಂಡಿ ಬಾಗಿಸಿ ನಿಲ್ಲುವ ಭರತನಾಟ್ಯದ ಅರೆಮಂಡಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಕಥಕ್ ನೋಡಿದರೆ ಅಲ್ಲಿನ ನೆಟ್ಟನೆಯ ನಿಲುವು ಬರಿದೆನಿಸಬಹುದು. ಅಲ್ಲಿ ಕಿವಿ ಚುರುಕಾಗಿರಬೇಕು: ತಿಹಾಯಿಯಲ್ಲಿ ಬೋಲು ಎಂಬ ತಾಳದ ನುಡಿಯ ಒಂದೇ ತುಣುಕು ಮೂರು ಸಲ ಬಂದು, ಕೊನೆಯ ಪೆಟ್ಟು ಸರಿಯಾಗಿ ಸಮದ, ಅಂದರೆ ತಾಳದ ಮೊದಲ ಎಣಿಕೆಯ, ಮೇಲೆ ಬೀಳುವುದನ್ನು ಎಣಿಸುತ್ತ ಕೇಳಿದವರಿಗೆ ಆ ನಿಲುವಿನ ಅಗತ್ಯ ಅರ್ಥವಾಗುತ್ತದೆ. ಒಡಿಸ್ಸಿಯಲ್ಲಿ ಚೌಕವೆಂಬ ಚೌಕಾಕಾರದ ನಿಲುವಿನಿಂದ ಮೂರು ಬಾಗುಗಳ ತ್ರಿಭಂಗಕ್ಕೆ ಮುಂಡ ಸಾಗುವ ದಾರಿಯನ್ನು ನೋಡಿ. ಕಥಕಳಿಯಲ್ಲಿ ಕಣ್ಣನ್ನು ನೋಡಿ.

ರಂಗಪ್ರವೇಶಗಳ ಬಗ್ಗೆ ಬರೆಯಲು ನಿಮಗೆ ಕರೆಗಳು ಬರುತ್ತವೆ. ಚಿಕ್ಕ ವಯಸ್ಸಿನವರ ಬಗ್ಗೆ ಕಠೋರವಾಗಿ ಬರೆಯಬೇಕಾಗಿಲ್ಲ, ಹಾಗೆಂದು ಎಲ್ಲವೂ ಅದ್ಭುತವೆಂದು ಬರೆದರೆ ಅವರಿಗೆ ಉಪಕಾರವೂ ಆಗುವುದಿಲ್ಲ. ವರ್ಣದ ಉತ್ತರಾರ್ಧದಲ್ಲಿ ಅರೆಮಂಡಿ ಏರತೊಡಗಿತು, ತೀರ್ಮಾನಗಳೆಂಬ ನೃತ್ತಭಾಗಗಳಲ್ಲಿ ಮೊದಲನೆಯದರಲ್ಲಿದ್ದ ಅಂಗಶುದ್ಧಿ ಕೊನೆಯದರಲ್ಲಿ ಉಳಿಯಲಿಲ್ಲ ಎಂಬಂಥ ಮಾತು ಆ ಹುಡುಗಿಗೂ ಅವಳ ಗುರುಗಳಿಗೂ ಮರುದಿನದ ಅಭ್ಯಾಸಕ್ಕೆ ಒದಗುತ್ತದೆ. ಹಿಮ್ಮೇಳವನ್ನು ಕೊನೆಯ ಸಾಲಿನಲ್ಲಿ ಹೆಸರುಗಳ ಸರಮಾಲೆಯಾಗಿ ಮುಗಿಸುವ ರೂಢಿಯನ್ನು ಬಿಡಿ. ನೃತ್ತಕ್ಕೆ ನುಡಿಯುವ ಸೊಲ್ಲುಗಳ ಜೋಡಣೆಯಾದ ಜತಿಯನ್ನು ಯಾರು ಕಟ್ಟಿದರು, ತಾಳ ಹಿಡಿದು ಅದನ್ನು ನುಡಿಯುವ ನಟುವಾಂಗದವರು ಎಲ್ಲಿ ಕಾಲವನ್ನು ತುಸು ಹಿಡಿದು ಕಲಾವಿದೆಗೆ ಉಸಿರಾಡಲು ಅವಕಾಶ ಕೊಟ್ಟರು, ಹಾಡಿನ ಸಾಲೊಂದನ್ನು ಅಭಿನಯದಲ್ಲಿ ವಿಸ್ತರಿಸುವ ಸಂಚಾರಿಯ ನಡುವೆ ಕೊಳಲು ಎಲ್ಲಿ ಸುಮ್ಮನಾಯಿತು ಎಂಬುದೆಲ್ಲ ನೃತ್ಯದ ಒಳಗಿನ ಸಂಗತಿಯೇ.

ಈಗ ನಿಮ್ಮ ಬರಹಗಳಿಗೆ ಬರುತ್ತೇನೆ. ಪುಸ್ತಕದ ಪರಿಚಯದಲ್ಲಿ ಎಲ್ಲ ಚಿತ್ರಗಳನ್ನೂ ಮೆಚ್ಚುವ ಬದಲು ನಿಮಗೆ ಬಹಳ ಹಿಡಿಸಿದ ಒಂದನ್ನು ಆರಿಸಿ, ಅದರಲ್ಲಿರುವ ಭಂಗಿ ಅಡವು ಎಂಬ ಮೂಲಹೆಜ್ಜೆಗಳಲ್ಲಿ ಯಾವುದರದು ಅಥವಾ ಯಾವ ಸಂಚಾರಿಯದು ಎಂದು ಬಲ್ಲವರೊಬ್ಬರನ್ನು ಕೇಳಿ ತಿಳಿದು, ಸಾಧ್ಯವಾದರೆ ಅವರು ಅದನ್ನು ಮಾಡಿ ತೋರಿಸುವುದನ್ನು ನೋಡಿ ಬರೆಯಿರಿ. ಮುನ್ನುಡಿಯ ಆ ಮಾತನ್ನು ತೆಗೆದುಹಾಕಿ, ಚಿತ್ರಗಳಲ್ಲಿರುವ ಕಲಾವಿದರ ಗುರುಗಳ ಹೆಸರು ಪುಸ್ತಕದಲ್ಲಿ ಇದೆಯೇ ಇಲ್ಲವೇ ಎಂಬುದನ್ನು ಸೇರಿಸಿ. ವಿಮರ್ಶೆಯಲ್ಲಿ ವರ್ಣವೊಂದನ್ನೇ ಉಳಿಸಿಕೊಂಡು, ಅದರಲ್ಲೂ ನಿಮಗೆ ಸ್ಪಷ್ಟವಾಗಿ ನೆನಪಿರುವ ಒಂದು ಸಂಚಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ಬರೆದು ಕಳಿಸಿ. ಕಲಾವಿದೆಯ ಕಣ್ಣು ಎಲ್ಲಿತ್ತು ಎಂಬುದನ್ನು ಬಿಡಬೇಡಿ. ನಟುವಾಂಗ ಯಾರದಿತ್ತು ಎಂಬುದನ್ನೂ ತಿಳಿಸಿ; ನಿಮ್ಮ ಈಗಿನ ಬರಹದಲ್ಲಿ ಆ ಹೆಸರೇ ಇಲ್ಲ.

ನಿಮ್ಮ ಹಿತೈಷಿ