ಸಭೆಯ ಬೋರ್‌ವೆಲ್‌ನಲ್ಲಿ ನೀರಿದೆ, ಎಲ್ಲರಿಗೂ ವಂದನೆ

ಎಲ್ಲರಿಗೂ ವಂದನೆ. ಮದ್ದೂರು ಕಡೆಯ ನಮ್ಮ ಸಭೆಯ, ಅಂದ್ರೆ ಚರ್ಚಿನ, ಬೋರ್‌ವೆಲ್ ಈ ಬೇಸಿಗೆಯಲ್ಲಿ ಒಂದು ದಿನವೂ ಕೈಕೊಡಲಿಲ್ಲ. ಏಪ್ರಿಲ್ ಮುಗಿಯಲಿ, ಆಮೇಲೆ ಬರೆಯೋಣ ಅಂತ ಸುಮ್ಮನಿದ್ದೆ. ಕಣ್ಣು ಬೀಳುತ್ತೆ ಅಂತಲ್ಲ, ವಿಶ್ವಾಸಿಗಳು ಹಾಗೆಲ್ಲ ನಂಬಬಾರದು, ಆದ್ರೂ ಸುಮ್ನೆ.

2023ರ ಕಥೆ ಎಲ್ಲರಿಗೂ ಗೊತ್ತು. ಮುಂಗಾರು ಕೈಕೊಟ್ಟಿತು, ಕನ್ನಂಬಾಡಿ ಅಣೆಕಟ್ಟು ತುಂಬುವ ಮಟ್ಟ 124.80 ಅಡಿ ಮುಟ್ಟಲಿಲ್ಲ, ಸೆಪ್ಟೆಂಬರಿನಲ್ಲಿ ಮಂಡ್ಯ ಬಂದ್ ಆಯಿತು. ನಾಲೆಯ ಕೊನೆಯಲ್ಲಿರುವ ನಮಗೆ ನೀರು ಮೊದಲೇ ಅಷ್ಟಕ್ಕಷ್ಟೇ. 2024ರ ಮಾರ್ಚ್ ಹೊತ್ತಿಗೆ ನಮ್ಮ ಮನೆಯ ಬೋರು, ಸಭೆಯ ಬೋರು ಎರಡೂ ಬತ್ತಿದವು. ನನ್ನ ಅರ್ಧ ಎಕರೆ ಕಬ್ಬು ನಿಂತಲ್ಲೇ ಒಣಗಿತು, ಗರಿ ಮುಟ್ಟಿದರೆ ಸುಟ್ಟ ಹಪ್ಪಳದ ಹಾಗೆ ಮುರಿಯುತ್ತಿತ್ತು.

ಆಗ ನಾನೇನು ಮಾಡುತ್ತಿದ್ದೆ? ಕಡೇ ದಿವಸಗಳು ಬಂದವು ಅಂತ ಕೂತಿದ್ದೆ. ಬರ, ಭೂಕಂಪ, ರೋಗ ಎಲ್ಲಾ ಸತ್ಯವೇದದಲ್ಲಿ ಬರೆದಿದೆ, ಕರ್ತನಾದ ಯೇಸುವಿನ ಎರಡನೇ ಬರೋಣ ಹತ್ತಿರ, ಇನ್ನು ಗುಂಡಿ ತೋಡಿ ಏನು ಸಾಧಿಸೋದು? ಸಭೆಯ ತಾರಸಿಯ ಮಳೆನೀರನ್ನು ಜಲ್ಲಿ, ಮರಳು ತುಂಬಿದ ಗುಂಡಿಯಲ್ಲಿ ಸೋಸಿ ಬೋರ್‌ವೆಲ್‌ಗೆ ಇಳಿಸೋಣ ಅಂತ ಮೈಸೂರಿನಲ್ಲಿ ಓದುವ ಮಗಳು ಹೇಳಿದಾಗ ಮೊದಲು ಬೇಡ ಅಂದವನು ನಾನೇ. ನನಗಿಂತ ಜೋರಾಗಿ ಬೇಡ ಅಂದವರು ಸಭೆಯ ಹಿರಿಯರು, ಎಲ್ಲರೂ ದೊಡ್ಡಪ್ಪ ಅಂತ ಕರೆಯುವವರು. ಕೆಂಪು ಪೆನ್ಸಿಲ್‌ನಲ್ಲಿ ಗೆರೆ ಎಳೆದ 2 ಪೇತ್ರ 3:10 ತೆಗೆದು, ಭೂಮಿಯೇ ಬೆಂಕಿಗೆ ಹೋಗೋದಿದೆ, ನಿನ್ನ ಪೈಪ್ ಎಲ್ಲಿ ಉಳಿಯುತ್ತಮ್ಮ ಅಂದರು.

ಅವಳು ಜಗಳಕ್ಕೆ ಹೋಗಲಿಲ್ಲ. ಕ್ಯಾಲೆಂಡರ್ ಹಾಳೆಯ ಹಿಂದೆ ಲೆಕ್ಕ ಬರೆದಳು. ತಾರಸಿ ಸುಮಾರು 140 ಚದರ ಮೀಟರ್. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಮ್ಮ ಕಡೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಅಂದುಕೊಂಡರೆ 98,000 ಲೀಟರ್. ಹರಿದು ಪೋಲಾಗಿದ್ದು ಕಳೆದು 80,000 ಅಂದ್ಕೊಳ್ಳಿ, ಐದು ಸಾವಿರ ಲೀಟರಿನ ಟ್ಯಾಂಕರ್ ಹದಿನಾರು. ಟ್ಯಾಂಕರ್‌ಗೆ ದುಡ್ಡು ಕೊಟ್ಟು ಕೊಟ್ಟು ಸಾಕಾಗಿದ್ದ ಖಜಾಂಚಿ ಅಲ್ಲಿಗೆ ತಣ್ಣಗಾದರು. ಮಗಳೇ, ನಿನಗೆ ಇಲ್ಲೇ ಥ್ಯಾಂಕ್ಸ್. ಮನೇಲಿ ಹೇಳೋಕೆ ನಾಚಿಕೆ.

ನಮ್ಮ ಸಭೆಯ ಪಾಸ್ಟರ್ ಅಯ್ಯನವರಿಗೆ ವಂದನೆ. ಆ ಭಾನುವಾರದ ಪ್ರಸಂಗದಲ್ಲಿ ಅವರು ದೊಡ್ಡಪ್ಪನನ್ನು ಚುಚ್ಚಲಿಲ್ಲ. ಆ ದಿನ, ಆ ಗಳಿಗೆ ಯಾರಿಗೂ ಗೊತ್ತಿಲ್ಲ ಅನ್ನುವ ಮತ್ತಾಯ 24:36 ಓದಿದರು. ಭೂಮಿಯನ್ನು ನಾಶಮಾಡುವವರನ್ನು ದೇವರು ನಾಶಮಾಡುವ ಕಾಲ ಬರುತ್ತೆ ಅನ್ನುವ, ಸತ್ಯವೇದದ ಕೊನೆಯ ಪುಸ್ತಕ ಪ್ರಕಟನೆಯ 11:18 ಓದಿದರು. ಅಷ್ಟು ವರ್ಷ ಪ್ರಕಟನೆ ಓದಿದ್ದೇನೆ, ಆ ವಚನದ ಮೇಲೆ ನನ್ನ ಕಣ್ಣು ನಿಂತೇ ಇರಲಿಲ್ಲ. ಆಮೇಲೆ ಅಮೆರಿಕದ ಬೋಧಕ ವಿಲಿಯಂ ಮಿಲ್ಲರ್ ವಿಷಯ ಹೇಳಿದರು. 1844ರ ಅಕ್ಟೋಬರ್ 22ಕ್ಕೆ ಕರ್ತನು ಬರುತ್ತಾನೆ ಅಂತ ಅವನ ಹಿಂದೆ ಹೋದವರಲ್ಲಿ ಕೆಲವು ರೈತರು ಬೆಳೆಯನ್ನು ಹೊಲದಲ್ಲೇ ಬಿಟ್ಟರಂತೆ. ಮಾರನೇ ದಿನ ಎಂದಿನಂತೆ ಬೆಳಗಾಯಿತು. ಪಾಪ ಅನಿಸಿತು. ಕೊಯ್ಲಿಗೆ ಬಂದ ಬೆಳೆ ಬಿಡೋದು ಅಂದ್ರೆ ಏನು ಅಂತ ಮಂಡ್ಯದವರಿಗೆ ಬಿಡಿಸಿ ಹೇಳಬೇಕಾ?

ಇನ್ನೊಂದು ವಿಷಯ ಮಗಳು ಮೊಬೈಲ್‌ನಲ್ಲಿ ತೋರಿಸಿದಳು. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2022ರಲ್ಲಿ ಕೇಳಿದಾಗ ಅಲ್ಲಿನ ನೂರು ಜನರಲ್ಲಿ 39 ಮಂದಿ ನಾವು ಅಂತ್ಯಕಾಲದಲ್ಲಿದ್ದೇವೆ ಅಂದರಂತೆ. ಹಾಗೆ ನಂಬುವವರಲ್ಲಿ ಹವಾಮಾನ ಬದಲಾವಣೆ ತುಂಬಾ ಗಂಭೀರ ಸಮಸ್ಯೆ ಅಂದವರು ನೂರಕ್ಕೆ 51, ನಂಬದವರಲ್ಲಿ 62. ವ್ಯತ್ಯಾಸ ಇದೆ, ಸರಿ. ಆದರೆ ನನಗೆ ತಟ್ಟಿದ್ದು ಆ 51. ಬರೋಣವನ್ನೂ ನಂಬಿ, ಬಿಸಿಲು ಏರೋದಕ್ಕೂ ಹೆದರುವವರು ಅರ್ಧಕ್ಕಿಂತ ಜಾಸ್ತಿ ಇದ್ದಾರೆ. ಹಾಗಾದ್ರೆ ನಾನು ಸುಮ್ಮನೆ ಕೂತಿದ್ದು ವಿಶ್ವಾಸದಿಂದ ಅಲ್ಲ. ಸೋತಿದ್ದೆ, ಅಷ್ಟೇ. ಸೋತವನಿಗೆ ವಚನ ಒಳ್ಳೆ ದಿಂಬು.

ಕೊನೆಗೆ ಗುಂಡಿ ಕೆಲಸ ಶುರುವಾಯಿತು. ಪಕ್ಕದ ಹೊಲದ ಗೌಡ್ರು ಎರಡು ಟ್ರ್ಯಾಕ್ಟರ್ ಜಲ್ಲಿ ಕಳಿಸಿದರು, ಬಾಡಿಗೆ ತಗೊಳ್ಳಲಿಲ್ಲ. ಪ್ಲಂಬರ್ ಹುಡುಗ ಕೇಸಿಂಗ್ ಪೈಪ್‌ಗೆ ತೂತು ಹಾಕಿ, ಜಾಲರಿ ಸುತ್ತಿ, ಹಣ ಕೇಳಿದರೆ ಸಭೆಯ ಸುಗ್ಗಿ ಹಬ್ಬದ ಹರಾಜಿನಲ್ಲಿ ಕುಂಬಳಕಾಯಿ ಕೊಡಿಸಿ ಸಾಕು ಅಂದ. ಕೊಡಿಸಿದ್ದೇನೆ. ಮನೆಯಲ್ಲಿ ಒಲೆ ಮುಂದೆ ನಿಂತು ಹತ್ತು ದಿನ ಎಲ್ಲರಿಗೂ ಮುದ್ದೆ ಸಾರು ಹಾಕಿದ ನನ್ನವಳಿಗೆ ಏನು ಹೇಳಿದರೂ ಕಡಿಮೆಯೇ.

ಗುಂಡಿ ತೋಡಿದ ಎರಡನೇ ದಿನ ಬೆಳಿಗ್ಗೆ ಐದೂವರೆಗೆ ಹೋದರೆ ಒಳಗೆ ಯಾರೋ ಕೆಮ್ಮುತ್ತಿದ್ದರು. ಬಗ್ಗಿ ನೋಡಿದೆ. ದೊಡ್ಡಪ್ಪ! ಪಂಚೆ ಎತ್ತಿ ಕಟ್ಟಿ, ಗುದ್ದಲಿ ಹಿಡಿದು, ಮೂಲೆ ಸೊಟ್ಟ ತೋಡಿದ್ದೀರಲ್ಲೋ ಅಂತ ಬೈದರು. ಅವರು ಮನಸ್ಸು ಬದಲಾಯಿಸಿದ್ದಾರೆ ಅಂದ್ಕೋಬೇಡಿ. ತಾನು ಬದುಕಿರುವಾಗಲೇ ಕರ್ತನು ಬರುತ್ತಾನೆ ಅಂತ ಈಗಲೂ ಹೇಳುತ್ತಾರೆ. ಬಂದಾಗ ಅಂಗಳ ಗುಡಿಸದೆ ಇದ್ದರೆ ಮುಖ ಹೇಗೆ ತೋರಿಸೋದು ಅಂತಾರೆ. ಈ ಬರಹದ ದೊಡ್ಡ ವಂದನೆ ಅವರಿಗೇ.

ಪೂರ್ತಿ ನಮ್ಮ ಗುಂಡಿಯಿಂದಲೇ ನೀರು ಬಂತು ಅಂತ ಕೊಚ್ಚಿಕೊಳ್ಳಲ್ಲ. 2024ರ ಜುಲೈನಲ್ಲಿ ಕನ್ನಂಬಾಡಿ ತುಂಬಿತು, ನಾಲೆಯೂ ಹರಿಯಿತು. ಯಾವುದರದ್ದು ಎಷ್ಟು ಪಾಲು ಅಂತ ಭೂಮಿಯೊಳಗೆ ಇಳಿದು ನೋಡೋಕಾಗಲ್ಲ.

ಮಳೆಗೆ ಮುಂಚೆ ಜಲ್ಲಿ, ಮರಳು ತೆಗೆದು ತೊಳೆಯಬೇಕು. ಈ ಶನಿವಾರ ಬೆಳಿಗ್ಗೆ ಆರಕ್ಕೆ ಸೇರೋಣ. ಮಂಕರಿ ಇದ್ದವರು ತನ್ನಿ, ಕಾಫಿ ನಮ್ಮ ಮನೆಯದು. ತಡ ಮಾಡಿದರೆ ದೊಡ್ಡಪ್ಪನ ಹತ್ರ ಬೈಗುಳ ಗ್ಯಾರಂಟಿ.