ಬಂಕಿನ ಬಿಲ್ಲಿನಲ್ಲಿ ತೆರಿಗೆಯನ್ನೂ ಬರೆಸಿ: ನಮ್ಮ ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಸದರೇ,

ನಮಸ್ಕಾರ. ನಾನು ನಿಮ್ಮ ಕ್ಷೇತ್ರದ ಮತದಾರ. ದಿನಾ ಬೈಕಿನಲ್ಲಿ ಕೆಲಸಕ್ಕೆ ಹೋಗಿ ಬರುವವನು. ಪೆಟ್ರೋಲ್ ದರ ಇಳಿಸಿ ಅಂತ ಕೇಳಲು ಈ ಪತ್ರ ಬರೆಯುತ್ತಿಲ್ಲ. ಇಳಿದರೆ ಖುಷಿಯೇ. ಆದರೆ ನನ್ನ ಬೇಡಿಕೆ ಅದಕ್ಕಿಂತ ಚಿಕ್ಕದು. ಬಂಕಿನಲ್ಲಿ ನಾವು ಕೊಡುವ ದುಡ್ಡಿನಲ್ಲಿ ಪೆಟ್ರೋಲಿಗೆ ಎಷ್ಟು, ಕೇಂದ್ರ ಸರ್ಕಾರಕ್ಕೆ ಎಷ್ಟು, ರಾಜ್ಯ ಸರ್ಕಾರಕ್ಕೆ ಎಷ್ಟು ಹೋಗುತ್ತದೆ ಎಂಬುದು ಬಿಲ್ಲಿನಲ್ಲೇ ಅಚ್ಚಾಗಬೇಕು. ಈ ಮಾತನ್ನು ನೀವು ಲೋಕಸಭೆಯಲ್ಲಿ ಎತ್ತಬೇಕು.

ಬಂಕಿನ ಬಿಲ್ ಒಂದನ್ನು ಕೈಯಲ್ಲಿ ಹಿಡಿದು ನೋಡಿ. ಬಂಕಿನ ಹೆಸರು, ಸಮಯ, ನಾಝಲ್ ನಂಬರ್ ಎಲ್ಲ ಇರುತ್ತದೆ. ಆಮೇಲೆ ಲೀಟರಿನ ದರ, ಎಷ್ಟು ಲೀಟರ್, ಒಟ್ಟು ಎಷ್ಟು ರೂಪಾಯಿ. ಅಷ್ಟೇ. ಹೋಟೆಲಿನಲ್ಲಿ ಊಟ ಮಾಡಿದರೆ ಸಿಜಿಎಸ್‌ಟಿ ಇಷ್ಟು, ಎಸ್‌ಜಿಎಸ್‌ಟಿ ಇಷ್ಟು ಅಂತ ಬೇರೆ ಬೇರೆ ಸಾಲು ಬರುತ್ತದೆ. ಮೊಬೈಲ್ ರೀಚಾರ್ಜಿಗೂ ಬರುತ್ತದೆ. ಜನ ಅತಿ ಹೆಚ್ಚು ತೆರಿಗೆ ಕೊಡುವ ವಸ್ತುಗಳಲ್ಲಿ ಒಂದಾದ ಪೆಟ್ರೋಲಿನ ಬಿಲ್ಲಿನಲ್ಲಿ ಮಾತ್ರ ತೆರಿಗೆಯ ಸುದ್ದಿಯೇ ಇಲ್ಲ.

ಇದು ಯಾಕೆ ಮುಖ್ಯ ಅಂತ ಹೇಳಲು ಎರಡು ದರಗಳನ್ನು ನಿಮ್ಮ ಮುಂದೆ ಇಡುತ್ತೇನೆ. ಎರಡೂ ದೆಹಲಿಯವು. ಯಾಕೆಂದರೆ ತೈಲ ಕಂಪನಿಗಳು ಮತ್ತು ಪೆಟ್ರೋಲಿಯಂ ಸಚಿವಾಲಯದ ಕೆಳಗಿರುವ, ತೈಲದ ಅಂಕಿಅಂಶ ಇಡುವ ಪಿಪಿಎಸಿ ಎಂಬ ಘಟಕ ದರವನ್ನು ಬಿಡಿಸಿ ತೋರಿಸುವಾಗ ದೆಹಲಿಯ ಲೆಕ್ಕವನ್ನೇ ಕೊಡುತ್ತಾ ಬಂದಿವೆ.

2014ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಪೆಟ್ರೋಲ್ ಲೀಟರಿಗೆ 71 ರೂ. 41 ಪೈಸೆ ಇತ್ತು. 2020ರ ಮೇ ತಿಂಗಳಲ್ಲಿ 71 ರೂ. 26 ಪೈಸೆ. ಬೋರ್ಡು ನೋಡಿದವರಿಗೆ ಆರು ವರ್ಷದಲ್ಲಿ ಏನೂ ಆಗಿಲ್ಲ ಅನ್ನಿಸುತ್ತದೆ. ಆದರೆ ಮೊದಲನೆಯ ಹೊತ್ತಿಗೆ ಭಾರತ ಕೊಳ್ಳುವ ಕಚ್ಚಾ ತೈಲ ಬ್ಯಾರೆಲಿಗೆ 100 ಡಾಲರಿಗಿಂತ ಮೇಲಿತ್ತು. ಎರಡನೆಯ ಹೊತ್ತಿಗೆ 30 ಡಾಲರ್ ಆಸುಪಾಸು. ಒಂದು ಬ್ಯಾರೆಲ್ ಅಂದರೆ ಸುಮಾರು 159 ಲೀಟರ್.

ಆ 71 ರೂ. 26 ಪೈಸೆಯನ್ನು ಬಿಡಿಸಿದರೆ ಹೀಗಿದೆ. ಪೆಟ್ರೋಲಿಗೆ, ಸಾಗಾಣಿಕೆಯೂ ಸೇರಿ, 18 ರೂ. 28 ಪೈಸೆ. ಡೀಲರ್ ಕಮಿಷನ್ 3 ರೂ. 56 ಪೈಸೆ. ಕೇಂದ್ರದ ಎಕ್ಸೈಸ್ ಸುಂಕ 32 ರೂ. 98 ಪೈಸೆ. ದೆಹಲಿ ಸರ್ಕಾರದ ವ್ಯಾಟ್, ಅಂದರೆ ಮಾರಾಟ ತೆರಿಗೆ, 16 ರೂ. 44 ಪೈಸೆ. ಅಂದರೆ 18 ರೂಪಾಯಿ ಚಿಲ್ಲರೆಯ ಸಾಮಾನಿಗೆ 49 ರೂಪಾಯಿ ಚಿಲ್ಲರೆ ತೆರಿಗೆ. ಈ ನಾಲ್ಕು ಸಾಲು ಅವತ್ತಿನ ಬಿಲ್ಲಿನಲ್ಲಿ ಇದ್ದಿದ್ದರೆ ದೇಶದ ಪ್ರತಿ ಬಂಕಿನಲ್ಲೂ ಇದೇ ಮಾತಾಗುತ್ತಿತ್ತು. ಇರಲಿಲ್ಲ. ಹಾಗಾಗಿ ಜನ "ದರ ಏನೂ ಏರಿಲ್ಲ ಬಿಡಿ" ಅಂದುಕೊಂಡು ಹೋದರು.

ಇದು ಹೇಗಾಯಿತು ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರಬೇಕು. ಯಾಕೆಂದರೆ ಅದಕ್ಕೆ ಬೇಕಾದ ಒಪ್ಪಿಗೆ ಸಿಕ್ಕಿದ್ದು ನೀವು ಕೂರುವ ಸದನದಲ್ಲೇ. 2020ರ ಮಾರ್ಚ್ 23ರಂದು ಹಣಕಾಸು ಮಸೂದೆ ಲೋಕಸಭೆಯಲ್ಲಿ ಚರ್ಚೆಯಿಲ್ಲದೆ ಪಾಸಾಯಿತು. ವಿಶೇಷ ಎಕ್ಸೈಸ್ ಸುಂಕದ ಮಿತಿಯನ್ನು ಪೆಟ್ರೋಲಿಗೆ ಲೀಟರಿಗೆ 10 ರೂಪಾಯಿಯಿಂದ 18ಕ್ಕೆ, ಡೀಸೆಲಿಗೆ 4ರಿಂದ 12ಕ್ಕೆ ಏರಿಸುವ ತಿದ್ದುಪಡಿ ಅದರೊಳಗಿತ್ತು. ಕೊರೊನಾದ ಭಯದಲ್ಲಿ ದೇಶವೇ ಬಾಗಿಲು ಹಾಕುತ್ತಿದ್ದ ಹೊತ್ತು ಅದು. ಅವಸರ ಅರ್ಥವಾಗುತ್ತದೆ. ಆದರೆ ಮೇ ತಿಂಗಳ ಮೊದಲ ವಾರದಲ್ಲೇ ಎಕ್ಸೈಸ್ ಪೆಟ್ರೋಲಿಗೆ ಒಂದೇ ಸಲ 10 ರೂಪಾಯಿ, ಡೀಸೆಲಿಗೆ 13 ರೂಪಾಯಿ ಏರಿತು. ಬಂಕಿನ ದರ ಮಾತ್ರ ಅದರಿಂದ ಏರಲಿಲ್ಲ. ಕಚ್ಚಾ ತೈಲ ಬಿದ್ದು ನಮಗೆ ಸಿಗಬೇಕಿದ್ದ ಇಳಿಕೆ ಅಷ್ಟೂ ಸುಂಕದಲ್ಲಿ ಸೇರಿಹೋಯಿತು.

ಇನ್ನೊಂದು ಸಂಗತಿ ಜೂನ್‌ನಲ್ಲಿ ಆಯಿತು. ಕಚ್ಚಾ ತೈಲ ಮತ್ತೆ ಏರತೊಡಗಿತು. ಜೂನ್ 7ರಿಂದ ಮೂರು ವಾರ ಹೆಚ್ಚುಕಡಿಮೆ ಪ್ರತಿದಿನ ದರ ಏರಿತು. ಸುಂಕ ಮಾತ್ರ ಏರಿದ ಕಡೆಯೇ ನಿಂತಿತ್ತು. ಜೂನ್ 24ರಂದು ದೆಹಲಿಯಲ್ಲಿ ಮೊದಲ ಬಾರಿಗೆ ಡೀಸೆಲ್ ದರ ಪೆಟ್ರೋಲನ್ನೇ ದಾಟಿತು. ತೈಲ ಇಳಿದಾಗ ಸುಂಕ ಏರುತ್ತದೆ, ತೈಲ ಏರಿದಾಗ ದರ ಏರುತ್ತದೆ. ಎರಡೂ ಸಲ ಕೊಡುವವರು ನಾವೇ.

ಇದು ಒಂದೇ ಸಲ ಆಗಿದ್ದೂ ಅಲ್ಲ. 2014ರ ನವೆಂಬರ್‌ನಿಂದ 2016ರ ಜನವರಿಯ ನಡುವೆ ಎಕ್ಸೈಸ್ ಸುಂಕ ಒಂಬತ್ತು ಸಲ ಏರಿತು. ಆ ಜನವರಿಯಲ್ಲಿ ಕಚ್ಚಾ ತೈಲ 30 ಡಾಲರಿಗಿಂತ ಕೆಳಗಿತ್ತು. 2014ರ ಮೇಗೆ ಹೋಲಿಸಿದರೆ 100ಕ್ಕೆ 70 ಪಾಲಿಗಿಂತ ಜಾಸ್ತಿ ಇಳಿಕೆ. ಆದರೆ ದೆಹಲಿಯ ಬಂಕಿನಲ್ಲಿ ದರ 71ರಿಂದ 60ರ ಆಸುಪಾಸಿಗೆ ಬಂದು ನಿಂತಿತು.

ನ್ಯಾಯವಾಗಿ ಹೇಳಬೇಕಾದ ಮಾತೂ ಇದೆ. ದರ ಏರಿದ್ದಕ್ಕೆಲ್ಲ ತೆರಿಗೆಯೊಂದೇ ಕಾರಣ ಅಲ್ಲ. ನಮಗೆ ಬೇಕಾದ ಕಚ್ಚಾ ತೈಲದಲ್ಲಿ 100ಕ್ಕೆ 85ಕ್ಕಿಂತ ಹೆಚ್ಚು ಪಾಲು ಹೊರಗಿನಿಂದ ಬರುತ್ತದೆ, ಅದಕ್ಕೆ ಡಾಲರಿನಲ್ಲಿ ದುಡ್ಡು ಕೊಡಬೇಕು. 2014ರಲ್ಲಿ ಡಾಲರಿಗೆ 60 ರೂಪಾಯಿ ಆಸುಪಾಸು ಇದ್ದದ್ದು 2025ರಲ್ಲಿ 85 ದಾಟಿತು. ಕಚ್ಚಾ ತೈಲ ಅಷ್ಟೇ ದರದಲ್ಲಿ ಸಿಕ್ಕರೂ ರೂಪಾಯಿ ಲೆಕ್ಕದಲ್ಲಿ ಜಾಸ್ತಿಯೇ ಆಗುತ್ತದೆ. ಕೇಂದ್ರ 2021ರ ನವೆಂಬರ್‌ನಲ್ಲಿ ಪೆಟ್ರೋಲಿಗೆ 5 ರೂಪಾಯಿ, 2022ರ ಮೇನಲ್ಲಿ ಇನ್ನೂ 8 ರೂಪಾಯಿ ಎಕ್ಸೈಸ್ ಇಳಿಸಿದ್ದೂ ನಿಜ. ಉಕ್ರೇನ್ ಯುದ್ಧದ ಆ ವರ್ಷ ಕಂಪನಿಗಳು ನಷ್ಟ ತಿಂದು ದರ ಹಿಡಿದಿಟ್ಟವು. ಅದರಿಂದ ನಮಗೆ ಅನುಕೂಲವಾಯಿತು. ಮುಂದಿನ ವರ್ಷ, ಅಂದರೆ 2023–24ರಲ್ಲಿ, ಇಂಡಿಯನ್ ಆಯಿಲ್, ಬಿಪಿಸಿಎಲ್, ಎಚ್‌ಪಿಸಿಎಲ್ ಮೂರೂ ಸೇರಿ ಸುಮಾರು 81,000 ಕೋಟಿ ರೂಪಾಯಿ ಲಾಭ ಮಾಡಿದವು. ಆ ವರ್ಷ ಬಂಕಿನಲ್ಲಿ ಕಂಡ ಇಳಿಕೆ ಲೀಟರಿಗೆ 2 ರೂಪಾಯಿ. ಅದೂ ಲೋಕಸಭಾ ಚುನಾವಣೆ ಘೋಷಣೆಯಾಗುವ ಹೊಸ್ತಿಲಲ್ಲಿ, 2024ರ ಮಾರ್ಚ್ ಮಧ್ಯದಲ್ಲಿ.

ಚುನಾವಣೆಯ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. 2010ರ ಜೂನ್‌ನಲ್ಲಿ ಪೆಟ್ರೋಲ್ ದರವನ್ನು ಸರ್ಕಾರದ ಹಿಡಿತದಿಂದ ಬಿಟ್ಟರು. 2014ರ ಅಕ್ಟೋಬರ್‌ನಲ್ಲಿ ಡೀಸೆಲನ್ನೂ ಬಿಟ್ಟರು. 2017ರ ಜೂನ್ 16ರಿಂದ ದೇಶದಾದ್ಯಂತ ಪ್ರತಿದಿನ ದರ ಬದಲಾಗುವ ಪದ್ಧತಿ ಬಂತು. ದಿನಕ್ಕೆ ಕೆಲವೇ ಪೈಸೆ ಏರಿಳಿತ, ಇಳಿದರೆ ತಕ್ಷಣ ನಿಮಗೇ ಲಾಭ ಅಂದರು. ಮಾತು ಚೆನ್ನಾಗಿತ್ತು. ಆದರೆ 2018ರ ಏಪ್ರಿಲ್ ಕೊನೆಯಿಂದ ನಮ್ಮ ವಿಧಾನಸಭಾ ಚುನಾವಣೆಯವರೆಗೆ ದರ ಒಂದು ಪೈಸೆಯೂ ಅಲುಗಲಿಲ್ಲ. ಆ ದಿನಗಳಲ್ಲಿ ಕಚ್ಚಾ ತೈಲ ಏರುತ್ತಲೇ ಇತ್ತು. ಮೇ 12ಕ್ಕೆ ಮತದಾನ ಮುಗಿಯಿತು. ಮೇ 14ರಿಂದ ದರ ಏರತೊಡಗಿತು. 2021ರ ನವೆಂಬರ್‌ನಿಂದ ನಾಲ್ಕು ತಿಂಗಳಿಗೂ ಜಾಸ್ತಿ ಕಾಲ ಹೀಗೇ ನಿಂತಿತ್ತು. ಉತ್ತರ ಪ್ರದೇಶ, ಪಂಜಾಬ್ ಸೇರಿ ಐದು ರಾಜ್ಯಗಳ ಫಲಿತಾಂಶ 2022ರ ಮಾರ್ಚ್ 10ಕ್ಕೆ ಬಂತು. ಮಾರ್ಚ್ 22ರಿಂದ ಏಪ್ರಿಲ್ 6ರೊಳಗೆ ದರ 10 ರೂಪಾಯಿ ಏರಿತು.

ದರ ಹಿಡಿದಿಡುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಹಿಡಿದಿಡುವುದಾದರೆ ಹೇಳಿ ಹಿಡಿದಿಡಲಿ. ಯಾರು ನಿರ್ಧಾರ ಮಾಡಿದರು, ಎಷ್ಟು ದಿನಕ್ಕೆ, ನಷ್ಟವನ್ನು ಆಮೇಲೆ ಯಾರಿಂದ ವಸೂಲಿ ಮಾಡುತ್ತಾರೆ, ಇವನ್ನೆಲ್ಲ ಬರೆದು ಪ್ರಕಟಿಸಲಿ. ಏರಿದಾಗ ಮಾರುಕಟ್ಟೆ, ನಿಂತಾಗ ಮೌನ ಅಂದರೆ ನಂಬುವುದು ಕಷ್ಟ ಅಲ್ವಾ?

ಇನ್ನು ನಮ್ಮ ರಾಜ್ಯದ ಪಾಲು. ಯಾವ ಪಕ್ಷ ಆಳಿದರೂ ಪೆಟ್ರೋಲ್ ಮೇಲೆ ಕಣ್ಣು ಹಾಕದೆ ಇರಲಿಲ್ಲ. 2018ರಲ್ಲಿ ಮಾರಾಟ ತೆರಿಗೆ 30ರಿಂದ 32% ಆಯಿತು. 2020ರಲ್ಲಿ 35% ಆಯಿತು. 2021ರ ನವೆಂಬರ್‌ನಲ್ಲಿ 26%ರ ಆಸುಪಾಸಿಗೆ ಇಳಿಯಿತು. ಲೋಕಸಭಾ ಚುನಾವಣೆ ಮುಗಿದ ಮೇಲೆ, 2024ರ ಜೂನ್ 15ಕ್ಕೆ, 25.92ರಿಂದ 29.84%ಕ್ಕೆ ಏರಿತು. ಬೆಂಗಳೂರಿನಲ್ಲಿ 99 ರೂ. 84 ಪೈಸೆ ಇದ್ದದ್ದು 102 ರೂ. 84 ಪೈಸೆ ಆಯಿತು. ಈ ತೆರಿಗೆ ಶೇಕಡಾ ಲೆಕ್ಕದ್ದು. ಎಕ್ಸೈಸ್ ಸೇರಿದ ಮೊತ್ತದ ಮೇಲೆ ಬೀಳುತ್ತದೆ, ಅಂದರೆ ತೆರಿಗೆಯ ಮೇಲೂ ತೆರಿಗೆ. ಕೇಂದ್ರ ಒಂದು ರೂಪಾಯಿ ಏರಿಸಿ ಅದು ಬಂಕಿಗೆ ಬಂದರೆ, 29.84%ರ ಲೆಕ್ಕದಲ್ಲಿ ನಮ್ಮ ಜೇಬಿನಿಂದ ಹೋಗುವುದು 1 ರೂ. 30 ಪೈಸೆ.

ರಾಜ್ಯಗಳಿಗೂ ಅವರದ್ದೇ ನೋವಿದೆ. 2022ರ ಮೇನಲ್ಲಿ ಸುಂಕ ಇಳಿಸಿದ ಮೇಲೆ ಪೆಟ್ರೋಲಿನ ಎಕ್ಸೈಸ್ 19 ರೂ. 90 ಪೈಸೆ ಉಳಿಯಿತು. ಅದರಲ್ಲಿ ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಾದ ಮೂಲ ಸುಂಕ ಬರೀ 1 ರೂ. 40 ಪೈಸೆ. ಮಿಕ್ಕಿದ್ದು ಸೆಸ್, ವಿಶೇಷ ಸುಂಕ. ಅದು ಕೇಂದ್ರದ ಬಳಿಯೇ ಉಳಿಯುತ್ತದೆ. ಕರ್ನಾಟಕದ ಸಂಸದರಾಗಿ ನೀವು ಈ ಒಂದು ಸಂಗತಿಯನ್ನಾದರೂ ಪಕ್ಷ ನೋಡದೆ ಕೇಳಬೇಕು. ಪೆಟ್ರೋಲನ್ನು ಜಿಎಸ್‌ಟಿಗೆ ಸೇರಿಸಿ ಅನ್ನುವ ಕೂಗಿನ ಬಗ್ಗೆ ನಾನು ಇಲ್ಲಿ ಮಾತಾಡುವುದಿಲ್ಲ. ಅದಕ್ಕೆ ಜಿಎಸ್‌ಟಿ ಮಂಡಳಿ ಒಪ್ಪಬೇಕು, ರಾಜ್ಯಗಳ ಆದಾಯದ ಪ್ರಶ್ನೆಯಿದೆ, ಬೇಗ ಆಗುವ ಕೆಲಸವಲ್ಲ. ಬಿಲ್ಲಿನಲ್ಲಿ ನಾಲ್ಕು ಸಾಲು ಅಚ್ಚು ಹಾಕಲು ಅದಕ್ಕಾಗಿ ಕಾಯಬೇಕಿಲ್ಲ.

ದರದ ಬೋರ್ಡಿನಲ್ಲಿ ಕಾಣದ ಇನ್ನೊಂದು ಖರ್ಚಿದೆ. ಬಂಕಿಗೆ ಹೋದ ನಮ್ಮಂಥವರು ಲೀಟರ್ ಲೆಕ್ಕದಲ್ಲಿ ಕೇಳುವುದು ಕಡಿಮೆ. "ಇನ್ನೂರಕ್ಕೆ ಹಾಕಿ" ಅನ್ನುತ್ತೇವೆ. ಹುಡುಗ "ಝೀರೋ ನೋಡ್ಕೊಳಿ" ಅನ್ನುತ್ತಾನೆ, ಹಾಕುತ್ತಾನೆ, ಮುಂದಿನವರು ಬರುತ್ತಾರೆ. ಆ ಇನ್ನೂರು ಎಷ್ಟು ದಿನ ಬಂತು, ಎಷ್ಟು ಕಿಲೋಮೀಟರ್ ಓಡಿತು ಎಂಬುದೇ ನಮ್ಮ ದರ. ಡೆಲಿವರಿ ಹುಡುಗರನ್ನು, ಕಂಪನಿಗೆ ಕಾರು ಓಡಿಸುವವರನ್ನು ಕೇಳಿ. ಅವರು ಬೋರ್ಡು ನೋಡುವುದಿಲ್ಲ, ಮೀಟರ್ ನೋಡುತ್ತಾರೆ.

ಬಂಕುಗಳಲ್ಲಿ ಈಗ ಇ20 ಬಂದಿದೆ. ಅಂದರೆ 100ಕ್ಕೆ 20 ಪಾಲು ಎಥೆನಾಲ್ ಬೆರೆಸಿದ ಪೆಟ್ರೋಲ್. ಲೀಟರಿಗೆ ಲೀಟರ್ ಹೋಲಿಸಿದರೆ ಎಥೆನಾಲ್‌ನಲ್ಲಿ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. 2021ರಲ್ಲಿ ನೀತಿ ಆಯೋಗ ಪ್ರಕಟಿಸಿದ ತಜ್ಞರ ವರದಿಯೇ ಮೈಲೇಜ್ ಇಳಿಯುತ್ತದೆ ಅಂತ ಬರೆದಿದೆ. ಇ10ಕ್ಕೆ ಹೊಂದಿಸಿದ ಹಳೆಯ ವಾಹನಗಳಲ್ಲಿ ಕಾರಿಗೆ 6ರಿಂದ 7%, ದ್ವಿಚಕ್ರ ವಾಹನಕ್ಕೆ 3ರಿಂದ 4% ಅಂತ ಅದರ ಅಂದಾಜು. ಲೀಟರಿಗೆ 100 ರೂಪಾಯಿ ಅಂತ ಇಟ್ಟುಕೊಂಡರೆ ಬೈಕಿನವರಿಗೆ ಬೋರ್ಡು ಬದಲಾಗದೆಯೇ 3–4 ರೂಪಾಯಿ ಏರಿದ ಹಾಗೆ. ಹಳೇ ಕಾರಿನವರಿಗೆ 6–7 ರೂಪಾಯಿ.

ನಾನು ಎಥೆನಾಲ್ ವಿರೋಧಿ ಅಲ್ಲ. ಮಂಡ್ಯ, ಬೆಳಗಾವಿ ಕಡೆಯ ಕಬ್ಬು ಬೆಳೆಗಾರರಿಗೆ ಅದರಿಂದ ನಾಲ್ಕು ಕಾಸು ಬರುವುದಾದರೆ ಸಂತೋಷ. ಹೊರಗಿನ ತೈಲ ಕಡಿಮೆ ಆಗುವುದೂ ಒಳ್ಳೆಯದೇ. ಆದರೆ ಅದೇ ವರದಿ ಇನ್ನೊಂದು ಮಾತನ್ನೂ ಹೇಳಿತ್ತು. ಎಥೆನಾಲ್ ಜಾಸ್ತಿ ಬೆರೆಸಿದ ಇಂಧನದ ದರ ಸಾಮಾನ್ಯ ಪೆಟ್ರೋಲಿಗಿಂತ ಕಡಿಮೆ ಇರಬೇಕು, ಶಕ್ತಿ ಕಡಿಮೆಯಾದದ್ದಕ್ಕೆ ಅದು ಪರಿಹಾರ ಅಂತ. ಬೆರಕೆ ಬಂತು, ಆ ರಿಯಾಯಿತಿ ಬರಲಿಲ್ಲ. ಎಥೆನಾಲೇ ಈಗ ದುಬಾರಿ ಅನ್ನುತ್ತಾರೆ. ಹಾಗಿದ್ದರೆ ಸುಂಕದಲ್ಲಾದರೂ ಬಿಡಬಹುದಲ್ಲ?

ಸಂಸದರೇ, ಮುಂದಿನ ಅಧಿವೇಶನದ ಪ್ರಶ್ನೋತ್ತರ ಅವಧಿಗೆ ದಯವಿಟ್ಟು ಈ ಪ್ರಶ್ನೆಗಳನ್ನು ಕೊಡಿ. ಬಂಕಿನ ಪ್ರತಿ ಬಿಲ್ಲಿನಲ್ಲಿ ಆ ಊರಿನ ಲೆಕ್ಕದಂತೆ ಮೂಲ ದರ, ಡೀಲರ್ ಕಮಿಷನ್, ಕೇಂದ್ರದ ಸುಂಕ, ರಾಜ್ಯದ ತೆರಿಗೆ, ಜೊತೆಗೆ ಎಥೆನಾಲ್ ಎಷ್ಟು ಎಂಬುದನ್ನು ಅಚ್ಚು ಹಾಕಲು ಸರ್ಕಾರ ಯಾವಾಗ ಆದೇಶ ಹೊರಡಿಸುತ್ತದೆ? ನಮ್ಮ ರಾಜ್ಯದ ಬಂಕುಗಳಲ್ಲಿ ಅದು ಕನ್ನಡದಲ್ಲೂ ಇರುತ್ತದೆಯೇ? ಸುಂಕ ಏರಿಸಿದಾಗ ಕಾರಣ ಮತ್ತು ಅದು ಎಲ್ಲಿಯವರೆಗೆ ಎಂಬುದನ್ನು ಸದನದ ಮುಂದೆ ಇಡಲು ಸಿದ್ಧವೇ? ಪ್ರತಿದಿನದ ದರ ಬದಲಾವಣೆ ನಿಂತ ದಿನಗಳಲ್ಲಿ ಆ ನಿರ್ಧಾರ ಯಾರದ್ದಾಗಿತ್ತು?

ಬಿಲ್ ಯಂತ್ರದ ಸಾಫ್ಟ್‌ವೇರ್ ಬದಲಿಸುವುದು ಕಷ್ಟ ಅಂತ ಉತ್ತರ ಬರಬಹುದು. ಪ್ರತಿದಿನ ಬೆಳಿಗ್ಗೆ 6ಕ್ಕೆ ದೇಶದ ಎಲ್ಲ ಬಂಕುಗಳಲ್ಲಿ ದರ ಬದಲಿಸಬಲ್ಲ ವ್ಯವಸ್ಥೆಗೆ ನಾಲ್ಕೈದು ಸಾಲು ಸೇರಿಸುವುದು ಕಷ್ಟ ಆಗಬಾರದು. ಸಚಿವರು ಕೊಟ್ಟ ಉತ್ತರವನ್ನು, ಅದು ಏನೇ ಇರಲಿ, ಕನ್ನಡದಲ್ಲಿ ನಿಮ್ಮ ಪುಟದಲ್ಲಿ ಹಾಕಿ. ನಾವು ಓದುತ್ತೇವೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ